ವಿಜ್ಞಾನಿಗಳ ಆಸ್ತಿಕ್ಯಗಣನೆಯ ಚರಿತ್ರೆ

ಪ್ರಕೃತಿಯ ನಿಯಮಗಳನ್ನು ಶೋಧಿಸುವುದರಲ್ಲಿ ಆಯುಷ್ಯವನ್ನು ಕಳೆದವರು ದೇವರನ್ನು ನಂಬುತ್ತಾರೆಯೇ ಇಲ್ಲವೇ ಎಂಬ ಪ್ರಶ್ನೆ ಏಳುವಲ್ಲೆಲ್ಲ ಹೆಸರುಗಳ ಎರಡು ಮಾಲೆಗಳು ಎದುರುಬದುರಾಗಿ ನಿಲ್ಲುವುದು ವಾಡಿಕೆಯಾಗಿದೆ. ಒಂದು ಪಕ್ಷದವರು ನ್ಯೂಟನ್, ಫ್ಯಾರಡೆ, ಮ್ಯಾಕ್ಸ್‌ವೆಲ್ಲರನ್ನು ಎತ್ತಿ ಹೇಳಿದರೆ ಇನ್ನೊಂದು ಪಕ್ಷದವರು ಹಕ್ಸ್ಲಿ, ಟಿಂಡಲ್‌ರನ್ನು ಮುಂದಿಡುತ್ತಾರೆ. ಹೆಸರುಗಳಿಂದ ಇತ್ಯರ್ಥವಾಗದ ವಾದವನ್ನು ಸಂಖ್ಯೆಗಳಿಂದ ತೀರಿಸಬಹುದೆಂಬ ಆಸೆ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹುಟ್ಟಿ, ಇಪ್ಪತ್ತನೆಯ ಶತಮಾನದಲ್ಲಿ ಪ್ರೌಢವಾಗಿ, ಇಂದಿಗೂ ಬತ್ತದೆ ಉಳಿದಿದೆ. ಆ ಎಣಿಕೆಯನ್ನು ಯಾರು, ಯಾವ ಸನ್ನಿವೇಶದಲ್ಲಿ, ಯಾವ ಪ್ರಶ್ನೆಯನ್ನು ಕೇಳಿ ಮಾಡಿದರೆಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ. ದೊರೆತ ಅಂಕಿಗಳು ವಿಜ್ಞಾನದ ಸ್ವಭಾವವನ್ನು ತಿಳಿಸುವುದಕ್ಕಿಂತ ಹೆಚ್ಚಾಗಿ, ಪ್ರಶ್ನೆ ಕೇಳಿದವರು ದೇವರೆಂದರೆ ಏನೆಂದು ಭಾವಿಸಿದ್ದರೆಂಬುದನ್ನು ತಿಳಿಸುತ್ತವೆಂದು ನನಗೆ ತೋರುತ್ತದೆ.

ಮೊದಲ ಪ್ರಯತ್ನ ಎಣಿಕೆಯ ರೂಪದ್ದಾಗಿರದೆ ಸಹಿ ಸಂಗ್ರಹದ ರೂಪದ್ದಾಗಿತ್ತು. 1859ರಲ್ಲಿ ಡಾರ್ವಿನ್ನನ ಜೀವಸಂತತಿಗಳ ಉಗಮವನ್ನು ಕುರಿತ ಗ್ರಂಥವೂ, ಮರುವರ್ಷವೇ ಬೈಬಲ್ಲನ್ನು ಚಾರಿತ್ರಿಕ ದೃಷ್ಟಿಯಿಂದ ವಿಮರ್ಶಿಸಿದ ಬಹುಮಟ್ಟಿಗೆ ಆಂಗ್ಲ ಪಾದ್ರಿಗಳೇ ಬರೆದ ಪ್ರಬಂಧಸಂಕಲನವೂ ಪ್ರಕಟವಾಗಿ ಇಂಗ್ಲೆಂಡಿನ ಧರ್ಮಲೋಕ ಕಳವಳಗೊಂಡಿದ್ದ ಕಾಲದಲ್ಲಿ, ಲಂಡನ್ನಿನ ಕೆಲವರು ರಸಾಯನಶಾಸ್ತ್ರಜ್ಞರು 1864ರಲ್ಲಿ ಒಂದು ಘೋಷಣಾಪತ್ರವನ್ನು ಸಿದ್ಧಪಡಿಸಿದರು. ಪ್ರಕೃತಿಯಲ್ಲಿ ಬರೆದಿರುವ ದೈವವಾಣಿಗೂ ಧರ್ಮಗ್ರಂಥದಲ್ಲಿ ಬರೆದಿರುವ ದೈವವಾಣಿಗೂ ವಿರೋಧ ಬರುವುದು ಅಸಂಭವವೆಂದೂ, ಈಗ ತೋರುತ್ತಿರುವ ವಿರೋಧ ನಮ್ಮ ಜ್ಞಾನದ ಅಪೂರ್ಣತೆಯ ಫಲವೆಂದೂ ಅದರ ಸಾರಾಂಶ. ಅದಕ್ಕೆ 717 ಮಂದಿ ಸಹಿ ಹಾಕಿದರು. ಉಷ್ಣಕ್ಕೂ ಯಾಂತ್ರಿಕ ಕಾರ್ಯಕ್ಕೂ ಇರುವ ಸಮಾನತೆಯನ್ನು ಅಳೆದು ತೋರಿಸಿದ ಜೂಲ್ ಅವರಲ್ಲೊಬ್ಬನು. ಆದರೆ ಖಗೋಳಜ್ಞ ಜಾನ್ ಹರ್ಷೆಲ್, ತಾನು ಆಸ್ತಿಕನಾಗಿದ್ದರೂ, ಸಹಿ ಹಾಕಲು ಬಹಿರಂಗವಾಗಿ ನಿರಾಕರಿಸಿದನು. ವಿಜ್ಞಾನಿಗಳಿಂದ ಮತಸಂಬಂಧವಾದ ಪ್ರತಿಜ್ಞೆಯನ್ನು ಬರೆಯಿಸಿಕೊಳ್ಳುವುದು, ಸಹಿ ಹಾಕದವರ ಮೇಲೆ ಶಂಕೆಯ ನೆರಳನ್ನು ಬೀಳಿಸುವುದು, ವಿವೇಕವೂ ಅಲ್ಲ ಸೌಜನ್ಯವೂ ಅಲ್ಲವೆಂಬುದು ಅವನ ನಿಲುವಾಗಿತ್ತು. ನಂಬಿಕೆಯುಳ್ಳವನೂ ನಂಬಿಕೆಯ ಪಟ್ಟಿಯಿಂದ ಹೊರಗುಳಿಯಬಹುದೆಂಬ ಈ ಸಂಗತಿಯನ್ನು ಮುಂದೆ ಅಂಕಿಗಳನ್ನು ಓದುವಾಗ ಮರೆಯಬಾರದು.

ಇದೇ ಸಂಯಮವನ್ನು ಮ್ಯಾಕ್ಸ್‌ವೆಲ್ಲನಲ್ಲಿಯೂ ಕಾಣುತ್ತೇವೆ. ಆತನ ಕ್ರೈಸ್ತಶ್ರದ್ಧೆ ಸಂದೇಹಕ್ಕೆ ಎಡೆಯಿಲ್ಲದಂಥದು. ಆದರೂ ವಿಜ್ಞಾನವನ್ನೂ ಧರ್ಮವನ್ನೂ ಸಮನ್ವಯಗೊಳಿಸಲೆಂದು ಸ್ಥಾಪಿತವಾಗಿದ್ದ ವಿಕ್ಟೋರಿಯಾ ಸಂಸ್ಥೆ 1875ರಲ್ಲಿ ಸದಸ್ಯತ್ವಕ್ಕೆ ಕರೆದಾಗ ಆತನು ಒಪ್ಪಲಿಲ್ಲ. ಇಂಥ ಸಮನ್ವಯದಲ್ಲಿ ಒಬ್ಬೊಬ್ಬನು ತಲಪುವ ಸಿದ್ಧಾಂತ ಅವನಿಗೆ ಮಾತ್ರ, ಅದೂ ಸ್ವಲ್ಪ ಕಾಲದವರೆಗೆ ಮಾತ್ರ, ಅರ್ಥವುಳ್ಳದ್ದೆಂದೂ ಅದರ ಮೇಲೆ ಸಂಘದ ಮುದ್ರೆ ಬೀಳಕೂಡದೆಂದೂ ಆತನು ತನ್ನ ಉತ್ತರದ ಕರಡಿನಲ್ಲಿ ಬರೆದಿಟ್ಟಿದ್ದನು. ಈ ವಿಷಯವನ್ನು ಕುರಿತು ವಿಜ್ಞಾನಿಯೊಬ್ಬನು ಆಡಿರುವ ಮಾತುಗಳಲ್ಲಿ ಇದಕ್ಕಿಂತ ಪ್ರಬುದ್ಧವಾದುದನ್ನು ನಾನು ಕಂಡಿಲ್ಲ.

ಪ್ರಶ್ನಾವಳಿಯ ಮೂಲಕ ವಿಚಾರಿಸುವ ಪದ್ಧತಿಯನ್ನು ತಂದವನು ಡಾರ್ವಿನ್ನನ ಸೋದರಸಂಬಂಧಿ ಫ್ರಾನ್ಸಿಸ್ ಗಾಲ್ಟನ್. ಇಂಗ್ಲೆಂಡಿನ ವಿಜ್ಞಾನಿಗಳ ಪ್ರಕೃತಿಯನ್ನೂ ಪೋಷಣೆಯನ್ನೂ ಕುರಿತು 1874ರಲ್ಲಿ ಅವನು ಪ್ರಕಟಿಸಿದ ಪುಸ್ತಕಕ್ಕೆ ರಾಯಲ್ ಸೊಸೈಟಿಯ ಸದಸ್ಯರು ಕೊಟ್ಟ ಉತ್ತರಗಳೇ ಆಧಾರ. ಬಾಲ್ಯದಲ್ಲಿ ಕಲಿತ ಧರ್ಮ ನಿಮ್ಮ ಸಂಶೋಧನೆಯ ಸ್ವಾತಂತ್ರ್ಯಕ್ಕೆ ಅಡ್ಡಿಯಾಯಿತೇ ಎಂದು ಅವನು ಕೇಳಿದ್ದಕ್ಕೆ ಬಹುಮಂದಿ ಅಂಥ ಅಡ್ಡಿಯೇನೂ ಆಗಲಿಲ್ಲವೆಂದರು. ಆ ಪ್ರಶ್ನಾವಳಿ ಡಾರ್ವಿನ್ನನಿಗೂ ಹೋಗಿತ್ತು. ಧರ್ಮ ಯಾವುದೆಂಬ ಅಂಕಣದಲ್ಲಿ ಆತನು ಬರೆದುದು, ತಾನು ಹೆಸರಿಗೆ ಆಂಗ್ಲ ಚರ್ಚಿಗೆ ಸೇರಿದವನೆಂದು. 1851ರಲ್ಲಿ ಹತ್ತು ವರ್ಷದ ಮಗಳು ಆನಿಯ ಮರಣವನ್ನು ಕಂಡ, ಪರಾವಲಂಬಿ ಕೀಟಗಳ ಕ್ರೌರ್ಯಕ್ಕೆ ಕರುಣಾಳುವಾದ ಕರ್ತೃವೊಬ್ಬನಿರಬಹುದೇ ಎಂದು ಮಿತ್ರನಿಗೆ ಕಾಗದ ಬರೆದ, ತನ್ನ ಅಭಿಪ್ರಾಯ ಆಗಾಗ ತುಯ್ದಾಡುತ್ತದೆಂದೂ ತಾನು ಎಂದಿಗೂ ದೇವರನ್ನು ನಿರಾಕರಿಸುವ ನಾಸ್ತಿಕನಾಗಿರಲಿಲ್ಲವೆಂದೂ 1879ರಲ್ಲಿ ಹೇಳಿಕೊಂಡ ಮನುಷ್ಯನ ಒಳಬಾಳಿನಲ್ಲಿ ಎಷ್ಟು ಅಂಶ ಆ ಅಂಕಣದೊಳಕ್ಕೆ ಹಿಡಿಸಿತು!

ಈ ಚರಿತ್ರೆಯ ಮುಖ್ಯಪುರುಷನು ಜೇಮ್ಸ್ ಲ್ಯೂಬ. ಸ್ವಿಟ್ಸರ್ಲೆಂಡಿನ ನ್ಯೂಶಾಟೆಲ್‌ನಲ್ಲಿ 1868ರಲ್ಲಿ ಹುಟ್ಟಿ, ಅಮೆರಿಕಕ್ಕೆ ಹೋಗಿ, ಪೆನ್ಸಿಲ್ವೇನಿಯದ ಬ್ರಿನ್ ಮಾರ್ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಈತನು ಧಾರ್ಮಿಕ ಅನುಭವವನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿದ ಮೊದಲಿಗರಲ್ಲೊಬ್ಬನು. ಅಮೆರಿಕದ ವಿಜ್ಞಾನಿಗಳ ಪರಿಚಯಕೋಶವೊಂದನ್ನು ಕ್ಯಾಟೆಲ್ ಎಂಬ ಮನಶ್ಶಾಸ್ತ್ರಜ್ಞನು ಸಂಪಾದಿಸಿದ್ದನು. ಅದರಲ್ಲಿ ಶ್ರೇಷ್ಠರೆಂದು ಸಹೋದ್ಯೋಗಿಗಳು ಗಣಿಸಿದವರ ಹೆಸರಿಗೆ ನಕ್ಷತ್ರಚಿಹ್ನೆಯಿರುತ್ತಿತ್ತು. 1914ರಲ್ಲಿ ಲ್ಯೂಬ ಈ ಕೋಶದಿಂದ 1000 ಹೆಸರುಗಳನ್ನು ಯಾದೃಚ್ಛಿಕವಾಗಿ ಆರಿಸಿ, ನಕ್ಷತ್ರವುಳ್ಳವರನ್ನೂ ಇಲ್ಲದವರನ್ನೂ ಪ್ರತ್ಯೇಕವಾಗಿ ಗುರುತಿಸಿ, ಅಲ್ಪವಾಕ್ಯಗಳ ಪ್ರಶ್ನಾವಳಿಯನ್ನು ಕಳುಹಿಸಿದನು. ಅವನು ಕೇಳಿದ ದೇವರು ಜಗತ್ತಿನ ಆದಿಕಾರಣವಾದ ತತ್ತ್ವವಾಗಲಿ ವಿಶ್ವವ್ಯಾಪಿಯಾದ ಚೈತನ್ಯವಾಗಲಿ ಅಲ್ಲ. ಮನುಷ್ಯನೊಡನೆ ಬುದ್ಧಿ ಭಾವಗಳ ಸಂಪರ್ಕವನ್ನಿಟ್ಟುಕೊಂಡಿರುವ, ಪ್ರಾರ್ಥಿಸಿದರೆ ಉತ್ತರ ಕೊಡುವನೆಂದು ನಿರೀಕ್ಷಿಸಬಹುದಾದ ದೇವರು ಅವನು. ಆ ಉತ್ತರವೂ ಪ್ರಾರ್ಥಿಸಿದವನ ಮನಸ್ಸಿನಲ್ಲಿ ಉಂಟಾಗುವ ಸಮಾಧಾನಕ್ಕಿಂತ ಹೆಚ್ಚಿನದಾಗಿರತಕ್ಕದ್ದು. ಇಂಥ ದೇವರನ್ನು ನಂಬುತ್ತೇನೆ, ನಂಬುವುದಿಲ್ಲ, ನಿಶ್ಚಿತವಾದ ಅಭಿಪ್ರಾಯವಿಲ್ಲ ಎಂಬ ಮೂರರಲ್ಲಿ ಒಂದಕ್ಕೆ ಗುರುತು ಹಾಕಬೇಕಾಗಿತ್ತು. ಮರಣಾನಂತರದ ವೈಯಕ್ತಿಕ ಅಸ್ತಿತ್ವವನ್ನು ಕುರಿತೂ ಇಂಥದೇ ಪ್ರಶ್ನೆಯಿತ್ತು.

ಲ್ಯೂಬನ ಈ ಲಕ್ಷಣವನ್ನು ಸಂಕುಚಿತವೆಂದು ಆಗಲೂ ಆಕ್ಷೇಪಿಸಿದವರುಂಟು, ಉತ್ತರ ಕೊಡಲು ನಿರಾಕರಿಸಿದವರೂ ಉಂಟು. ಆದರೆ ಅವನಿಗೆ ನ್ಯಾಯವಾಗಿ ಹೇಳಬೇಕಾದರೆ, ಅದು ಅಜ್ಞಾನದಿಂದ ಬಂದ ಸಂಕೋಚವಲ್ಲ. ಚರ್ಚುಗಳಲ್ಲಿ ಜನ ಮೊರೆಯಿಡುವುದು ಕಿವಿಗೊಡುವ ದೇವರಿಗೆ. ದಾರ್ಶನಿಕನ ನಿರ್ಗುಣತತ್ತ್ವವನ್ನು ಆ ಹೆಸರಿನಿಂದ ಕರೆದು ಆಸ್ತಿಕರ ಸಂಖ್ಯೆಯನ್ನು ಉಬ್ಬಿಸುವುದು ಸತ್ಯಕ್ಕೆ ದ್ರೋಹವೆಂದು ಅವನು ಬಗೆದಿದ್ದನು. 1916ರಲ್ಲಿ ಪ್ರಕಟವಾದ ಅವನ ಗ್ರಂಥದ ಪ್ರಕಾರ ಒಟ್ಟು ವಿಜ್ಞಾನಿಗಳಲ್ಲಿ ಶೇಕಡಾ 41.8 ಮಂದಿ ಆ ದೇವರನ್ನು ನಂಬುತ್ತಿದ್ದರು. ನಕ್ಷತ್ರವುಳ್ಳ ಶ್ರೇಷ್ಠರಲ್ಲಿ ನಂಬುವವರು ಶೇಕಡಾ 27.7 ಮಾತ್ರ. ಭೌತವಿಜ್ಞಾನಿಗಳಿಗಿಂತ ಜೀವವಿಜ್ಞಾನಿಗಳಲ್ಲಿ ಅವಿಶ್ವಾಸ ಹೆಚ್ಚಾಗಿತ್ತು. ಶ್ರೇಷ್ಠರಲ್ಲಿ ನಂಬಿಕೆ ಕಡಿಮೆಯಾಗಿರಲು ಅವರ ಜ್ಞಾನಾಧಿಕ್ಯವೇ ಕಾರಣವೆಂದೂ, ವಿದ್ಯೆ ಹರಡಿದಂತೆಲ್ಲ ಅವಿಶ್ವಾಸವೂ ಹರಡುವುದೆಂದೂ ಲ್ಯೂಬ ತೀರ್ಮಾನಿಸಿದನು. ಎಣಿಕೆಯಲ್ಲಿ ಅಷ್ಟು ಎಚ್ಚರಿಕೆಯಿಂದಿದ್ದ ಮನುಷ್ಯ ತೀರ್ಮಾನದಲ್ಲಿ ಆತುರಪಟ್ಟನೆಂದೇ ಹೇಳಬೇಕಾಗಿದೆ. ಏಕೆಂದರೆ ಜ್ಞಾನ ಅವಿಶ್ವಾಸವನ್ನು ತಂದಿತೋ, ಬಾಲ್ಯದ ಶ್ರದ್ಧೆಯನ್ನು ಮೊದಲೇ ಕಳೆದುಕೊಂಡವರು ವಿಜ್ಞಾನದ ಕಡೆಗೆ ಹೆಚ್ಚಾಗಿ ಸರಿದರೋ ಎಂಬುದನ್ನು ಅವನ ಪ್ರಶ್ನಾವಳಿ ಬೇರ್ಪಡಿಸಲಾರದು.

ಆ ಅಂಕಿಗಳು ಬೇಗನೆ ವಿದ್ವಾಂಸರ ಕೈಯಿಂದ ಜಾರಿ ರಾಜಕಾರಣದ ಅಂಗಳಕ್ಕೆ ಬಿದ್ದುವು. ಮೂರು ಬಾರಿ ಅಮೆರಿಕದ ಅಧ್ಯಕ್ಷ ಪದವಿಗೆ ಸ್ಪರ್ಧಿಸಿ ಸೋತಿದ್ದ ವಿಲಿಯಂ ಜೆನಿಂಗ್ಸ್ ಬ್ರಯಾನ್, ಕಾಲೇಜಿನ ಮೆಟ್ಟಿಲು ಮೇಲೇರಿದಂತೆ ವಿದ್ಯಾರ್ಥಿಗಳಲ್ಲಿ ಶ್ರದ್ಧೆ ಕುಗ್ಗುವುದೆಂದು ತೋರಿಸಿದ್ದ ಲ್ಯೂಬನ ಕೋಷ್ಟಕಗಳನ್ನು ಹಿಡಿದುಕೊಂಡು, ವಿಕಾಸವಾದವನ್ನು ಶಾಲೆಗಳಿಂದ ಹೊರಹಾಕಬೇಕೆಂದು ಊರೂರುಗಳಲ್ಲಿ ಭಾಷಣ ಮಾಡಿದನು. 1925ರ ಜುಲೈ ತಿಂಗಳಲ್ಲಿ ಟೆನೆಸಿಯ ಡೇಟನ್ ಎಂಬ ಸಣ್ಣ ಊರಿನಲ್ಲಿ ವಿಕಾಸವಾದವನ್ನು ಬೋಧಿಸಿದನೆಂಬ ಆರೋಪದ ಮೇಲೆ ಶಿಕ್ಷಕ ಸ್ಕೋಪ್ಸನ ವಿರುದ್ಧ ನಡೆದ ಮೊಕದ್ದಮೆಗಾಗಿ ಅವನು ಸಿದ್ಧಪಡಿಸಿಕೊಂಡಿದ್ದ ಅಂತಿಮ ಭಾಷಣದಲ್ಲಿಯೂ ಲ್ಯೂಬನ ಹೆಸರಿತ್ತು. ಆ ಭಾಷಣಕ್ಕೆ ನ್ಯಾಯಾಲಯದಲ್ಲಿ ಅವಕಾಶ ದೊರೆಯಲಿಲ್ಲ. ತೀರ್ಪಾದ ಐದು ದಿನಗಳಿಗೆ ಬ್ರಯಾನ್ ತೀರಿಕೊಂಡನು, ಭಾಷಣ ಅನಂತರ ಅಚ್ಚಾಯಿತು. ಅವಿಶ್ವಾಸವನ್ನು ವಿದ್ಯೆಯ ಫಲವೆಂದು ಹೆಮ್ಮೆಯಿಂದ ಬರೆದವನೂ ಅದನ್ನೇ ವಿದ್ಯೆಯ ಅಪರಾಧವೆಂದು ದೂರಿದವನೂ ಒಂದೇ ಕೋಷ್ಟಕವನ್ನು ನಂಬಿದ್ದರು.

1933ರಲ್ಲಿ ಲ್ಯೂಬ ತನ್ನ ಪ್ರಶ್ನೆಗಳನ್ನು ಮತ್ತೆ ಕಳುಹಿಸಿದಾಗ ಶ್ರೇಷ್ಠರಲ್ಲಿ ನಂಬುವವರು ಶೇಕಡಾ 15ಕ್ಕೆ ಇಳಿದಿದ್ದರು. ಅವನು ಕಾಲವಾದುದು 1946ರಲ್ಲಿ. ಅದಾದ ಅರ್ಧ ಶತಮಾನದ ಮೇಲೆ ಎಡ್ವರ್ಡ್ ಲಾರ್ಸನ್ ಎಂಬ ಇತಿಹಾಸಕಾರನೂ ಲ್ಯಾರಿ ವಿಥಮ್ ಎಂಬ ಪತ್ರಕರ್ತನೂ ಸೇರಿ ಅದೇ ಮಾತುಗಳ ಅದೇ ಪ್ರಶ್ನೆಯನ್ನು 1996ರಲ್ಲಿ ಕೇಳಿ, ಫಲಿತಾಂಶವನ್ನು ಮರುವರ್ಷ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಸಾಮಾನ್ಯ ವಿಜ್ಞಾನಿಗಳಲ್ಲಿ ನಂಬುವವರು ಶೇಕಡಾ 39.3 ಇದ್ದರು. ಎಂಬತ್ತು ವರ್ಷಗಳಲ್ಲಿ ಸಾಪೇಕ್ಷತಾ ಸಿದ್ಧಾಂತ, ಕ್ವಾಂಟಂ ಸಿದ್ಧಾಂತ, ಡಿಎನ್‌ಎ ರಚನೆ, ವಿಶ್ವದ ಹಿನ್ನೆಲೆ ವಿಕಿರಣ ಎಲ್ಲವೂ ಬಂದುಹೋದರೂ ಅಂಕಿ ಹೆಚ್ಚೇನೂ ಕದಲಲಿಲ್ಲ. ಆದರೆ 1998ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸದಸ್ಯರನ್ನು ಕೇಳಿದಾಗ ನಂಬುವವರು ಶೇಕಡಾ 7 ಮಾತ್ರ ಉಳಿದಿದ್ದರು. ಗಣಿತಜ್ಞರಲ್ಲಿ ಶೇಕಡಾ 14.3, ಜೀವವಿಜ್ಞಾನಿಗಳಲ್ಲಿ 5.5. ಈ ಎರಡು ಫಲಗಳನ್ನು ಒಟ್ಟಿಗೆ ಇಟ್ಟು ನೋಡಿದವರಿಗೆ ಲ್ಯೂಬನ ಭವಿಷ್ಯವಾಣಿ ಅರ್ಧ ಸುಳ್ಳಾಗಿ ಅರ್ಧ ನಿಜವಾದಂತೆ ತೋರೀತು. ವಿಜ್ಞಾನದ ಅಭ್ಯಾಸವೇ ನಂಬಿಕೆಯನ್ನು ಕರಗಿಸುವುದಾದರೆ ಸಾಮಾನ್ಯರಲ್ಲಿಯೂ ಅದು ಕರಗಬೇಕಾಗಿತ್ತು. ಅಕಾಡೆಮಿಯ ಮಟ್ಟಕ್ಕೆ ಏರುವವರು ಯಾವ ಮನೆತನಗಳಿಂದ, ಯಾವ ವಿಶ್ವವಿದ್ಯಾನಿಲಯಗಳಿಂದ, ಯಾವ ಸಾಮಾಜಿಕ ಪರಿಸರದಿಂದ ಬಂದವರೆಂಬ ಪ್ರಶ್ನೆ ಇಲ್ಲಿ ಅನಿವಾರ್ಯವಾಗುತ್ತದೆ. ಸಮಾಜಶಾಸ್ತ್ರಜ್ಞೆ ಎಲೇನ್ ಎಕ್‌ಲಂಡ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ ಅತ್ಯುನ್ನತ ವಿಶ್ವವಿದ್ಯಾನಿಲಯಗಳ ವಿಜ್ಞಾನಿಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ನಾಸ್ತಿಕರಾಗಿದ್ದರು. ಅವರ ನಿಲುವನ್ನು ನಿರ್ಣಯಿಸುವುದರಲ್ಲಿ ಬಾಲ್ಯದ ಮನೆಯ ವಾತಾವರಣಕ್ಕೆ ಇದ್ದ ಪಾತ್ರ ದೊಡ್ಡದೆಂದು ಆಕೆ ತೋರಿಸಿದಳು.

ಅಂಕಿ ತೋರಿಸಲಾರದುದನ್ನು ಒಂದು ಜೋಡಿ ಜೀವನಗಳು ತೋರಿಸುತ್ತವೆ. ವಿದ್ಯುತ್ಕಾಂತ ಬಲವೂ ಪರಮಾಣುಗರ್ಭದ ದುರ್ಬಲ ಬಲವೂ ಒಂದೇ ಮೂಲದವೆಂಬ ಸಿದ್ಧಾಂತವನ್ನು 1967-68ರ ಸುಮಾರಿಗೆ ಸ್ವತಂತ್ರವಾಗಿ ರೂಪಿಸಿದವರು ಇಬ್ಬರು: ಅಮೆರಿಕದ ಸ್ಟೀವನ್ ವೈನ್‌ಬರ್ಗ್, ಪಂಜಾಬಿನ ಝಂಗ್‌ ಪ್ರಾಂತದಲ್ಲಿ ಬೆಳೆದ ಅಬ್ದುಸ್ ಸಲಾಮ್. ಮೊದಲನೆಯವನು ತನ್ನ ನಾಸ್ತಿಕತೆಯನ್ನು ಮರೆಮಾಚದವನು. ಎರಡನೆಯವನು ಸ್ಟಾಕ್‌ಹೋಮಿನ ನೊಬೆಲ್ ಔತಣದಲ್ಲಿ ಕುರಾನಿನ ವಚನವನ್ನು ಪಠಿಸಿದವನು. 1979ರ ಪ್ರಶಸ್ತಿಯನ್ನು ಭೌತವಿಜ್ಞಾನಿ ಗ್ಲಾಷೋವಿನೊಡನೆ ಅವರಿಬ್ಬರೂ ಹಂಚಿಕೊಂಡರು. ತಾನು ಆಸ್ತಿಕನಾಗಿದ್ದುದರಿಂದಲಾಗಲಿ ವೈನ್‌ಬರ್ಗ್ ನಾಸ್ತಿಕನಾಗಿದ್ದುದರಿಂದಲಾಗಲಿ ತಮ್ಮ ಕೆಲಸದಲ್ಲಿ ಯಾವ ವ್ಯತ್ಯಾಸವೂ ಆಗಲಿಲ್ಲವೆಂದು ಸಲಾಮನೇ ಮುಂದೆ ಬರೆದನು. ಆದರೆ ಈ ನಂಬಿಕೆಗಾಗಿ ಅವನು ದೊಡ್ಡ ಬೆಲೆಯನ್ನೇ ತೆತ್ತನು. ಅವನು ಸೇರಿದ್ದ ಅಹ್ಮದಿಯಾ ಪಂಥದವರು ಮುಸ್ಲಿಮರಲ್ಲವೆಂದು 1974ರಲ್ಲಿ ಪಾಕಿಸ್ತಾನ ಶಾಸನ ಮಾಡಿತು. ಸಲಾಮ್ ಸರ್ಕಾರದ ಸಲಹೆಗಾರನ ಪದವಿಯನ್ನು ಬಿಟ್ಟನು. ರಬ್ವಾದಲ್ಲಿ ಅವನ ಗೋರಿಯ ಮೇಲಿನ ಬರಹದಿಂದ ‘ಮುಸ್ಲಿಂ’ ಎಂಬ ಮಾತನ್ನು ಅಳಿಸಿಹಾಕಲಾಗಿದೆ. ಲ್ಯೂಬನ ಪ್ರಶ್ನೆಗೆ ನಿಸ್ಸಂದೇಹವಾಗಿ ಹೌದೆನ್ನುತ್ತಿದ್ದ ಮಹಾವಿಜ್ಞಾನಿಯನ್ನು ಅವನ ರಾಷ್ಟ್ರವೇ ನಂಬಿಕೆಯ ಪಟ್ಟಿಯಿಂದ ತೆಗೆದುಹಾಕಿತು.

ಲ್ಯೂಬನ ಪ್ರಶ್ನೆಯನ್ನು ಭಾರತದ ವಿಜ್ಞಾನಿಗಳ ಮುಂದಿಟ್ಟರೆ ಏನಾದೀತು? ವೇದವನ್ನು ಪ್ರಮಾಣವೆಂದು ಒಪ್ಪಿ ಕರ್ಮಫಲಕ್ಕೆ ಈಶ್ವರನ ಅಗತ್ಯವಿಲ್ಲವೆನ್ನುವ ಮೀಮಾಂಸಕನೂ, ಈಶ್ವರನನ್ನು ವ್ಯಾವಹಾರಿಕ ಸತ್ಯವೆಂದಷ್ಟೇ ಒಪ್ಪಿ ಪರಮಾರ್ಥದಲ್ಲಿ ನಿರ್ಗುಣಬ್ರಹ್ಮವನ್ನು ಮಾತ್ರ ಉಳಿಸಿಕೊಳ್ಳುವ ಅದ್ವೈತಿಯೂ, ಜೈನನೂ, ಬೌದ್ಧನೂ ಅವನ ಲೆಕ್ಕದಲ್ಲಿ ಅವಿಶ್ವಾಸಿಗಳ ಸಾಲಿಗೆ ಬೀಳುವ ಸಂಭವವಿದೆ. ಗಣಿತಜ್ಞ ರಾಮಾನುಜನ್ನರ ವಿಷಯದಲ್ಲಿ ಸಾಕ್ಷಿಗಳೇ ಒಡೆದಿದ್ದಾರೆ. ನಾಮಕ್ಕಲ್ಲಿನ ನಾಮಗಿರಿದೇವಿ ಸ್ವಪ್ನದಲ್ಲಿ ಸೂತ್ರಗಳನ್ನು ಅನುಗ್ರಹಿಸುತ್ತಿದ್ದಳೆಂದು ಸ್ವದೇಶದ ಜೀವನಚರಿತ್ರಕಾರರು ಬರೆದರೆ, ಎಲ್ಲ ಧರ್ಮಗಳೂ ತಮಗೆ ಹೆಚ್ಚುಕಡಿಮೆ ಸಮಾನವಾಗಿ ಸತ್ಯವೆಂದು ತೋರುತ್ತವೆಂದು ರಾಮಾನುಜನ್ನರೇ ತನಗೆ ಹೇಳಿದರೆಂದು ಆಂಗ್ಲ ಗಣಿತಜ್ಞ ಹಾರ್ಡಿ ದಾಖಲಿಸಿದ್ದಾನೆ. ಹಾರ್ಡಿ ಕಡುನಾಸ್ತಿಕನು, ಕೇಳುವವನ ಮುಖ ನೋಡಿ ಉತ್ತರದ ಬಣ್ಣ ಬದಲಾಯಿಸಿತೇ, ಬರೆದವನ ಮನಸ್ಸು ಅದನ್ನು ಬದಲಾಯಿಸಿತೇ ಎಂಬುದು ನಿರ್ಧರಿಸಲಾಗದ ಮಾತು. ಭೌತವಿಜ್ಞಾನಿ ಮೇಘನಾದ ಸಹಾ ಇಂಥ ಅಸ್ಪಷ್ಟತೆಗೆ ನೇರ ವಿರುದ್ಧವಾದ ಪ್ರಕೃತಿಯವರು. ನಕ್ಷತ್ರಗಳ ಅಯಾನೀಕರಣವನ್ನು ಕುರಿತ ತಮ್ಮ ಶೋಧವೂ ವೇದದಲ್ಲಿ ಮೊದಲೇ ಇದೆಯೆಂಬಂಥ ಮಾತನ್ನು ಕೇಳಿ ರೋಸಿ, 1930ರ ದಶಕದ ಕೊನೆಯಲ್ಲಿ ಬಂಗಾಳಿ ಪತ್ರಿಕೆಯ ಪುಟಗಳಲ್ಲಿ ಆ ಮನೋಭಾವವನ್ನು ದೀರ್ಘವಾಗಿ ಖಂಡಿಸಿದರು.

ಸುಮಾರು 130 ಸಂಸ್ಥೆಗಳ 1100ಕ್ಕೂ ಮಿಕ್ಕ ಭಾರತೀಯ ವಿಜ್ಞಾನಿಗಳನ್ನು 2007ರ ಸುಮಾರಿಗೆ ವಿಚಾರಿಸಿದ ಸಮೀಕ್ಷೆಯೊಂದು, ದೇವರಲ್ಲಿ ನಂಬಿಕೆಯನ್ನು ಮಾತ್ರವೇ ಕೇಳದೆ, ರಾಕೆಟ್ ಹಾರಿಸುವ ಮುನ್ನ ತಿರುಪತಿಗೆ ಹೋಗುವ ಬಾಹ್ಯಾಕಾಶ ವಿಜ್ಞಾನಿಗಳ ಪದ್ಧತಿಯನ್ನು ಕುರಿತೂ ಕೇಳಿತು. ಇದು ಸರಿಯಾದ ದಿಕ್ಕಿನ ಹೆಜ್ಜೆಯೆಂದು ನನ್ನ ಅಭಿಪ್ರಾಯ. ನಮ್ಮಲ್ಲಿ ಶ್ರದ್ಧೆ ಸಿದ್ಧಾಂತವಾಗಿರುವುದಕ್ಕಿಂತ ಆಚರಣೆಯಾಗಿ, ಕುಟುಂಬದ ಹಬ್ಬವಾಗಿ, ಹರಕೆಯಾಗಿ ಇರುವುದೇ ಹೆಚ್ಚು; ಏನನ್ನು ಒಪ್ಪುತ್ತೀರಿ ಎಂದು ಕೇಳಿದರೆ ಸಿಕ್ಕದ ಉತ್ತರ, ಏನನ್ನು ಮಾಡುತ್ತೀರಿ ಎಂದು ಕೇಳಿದರೆ ಸಿಕ್ಕುತ್ತದೆ.

ಈ ಭೇದವನ್ನು ಕನ್ನಡನಾಡಿನಲ್ಲಿ ಸ್ಪಷ್ಟವಾಗಿ ಗ್ರಹಿಸಿದವರು ಎಚ್. ನರಸಿಂಹಯ್ಯನವರು. ಅಮೆರಿಕದ ಓಹಿಯೋದಲ್ಲಿ ಪರಮಾಣು ಭೌತವಿಜ್ಞಾನದ ಸಂಶೋಧನೆ ಮಾಡಿ ಬಂದು, ಬೆಂಗಳೂರಿನ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದಲ್ಲಿಯೇ ಖಾದಿ ತೊಟ್ಟು ಬ್ರಹ್ಮಚಾರಿಯಾಗಿ ಬಾಳಿದ ಅವರು, ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರಿಶೀಲಿಸಲು ಸಮಿತಿಯೊಂದನ್ನು ರಚಿಸಿದರು. ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದು ಪ್ರಜೆಯ ಕರ್ತವ್ಯವೆಂದು ಸಂವಿಧಾನಕ್ಕೆ ತಿದ್ದುಪಡಿಯಾದುದೂ ಅದೇ ವರ್ಷ. ಪವಾಡಗಳಿಗೆ ಹೆಸರಾಗಿದ್ದ ಸತ್ಯಸಾಯಿಬಾಬಾ ಅವರಿಗೆ ಸಮಿತಿಯಿಂದ ಪತ್ರಗಳು ಹೋದುವು, ಪರೀಕ್ಷೆ ನಡೆಯಲಿಲ್ಲ, ಪತ್ರಿಕೆಗಳಲ್ಲಿ ದೊಡ್ಡ ವಿವಾದವೇ ಎದ್ದಿತು. ಸಮಿತಿ ದೇವರಿದ್ದಾನೆಯೇ ಎಂದು ಯಾರನ್ನೂ ಕೇಳಲಿಲ್ಲ. ಬರಿಗೈಯಿಂದ ವಸ್ತು ಹುಟ್ಟುತ್ತದೆಂದು ಹೇಳುವುದಾದರೆ ಅದನ್ನು ಪರೀಕ್ಷೆಗೆ ಒಡ್ಡಿ ಎಂದಷ್ಟೇ ಕೇಳಿತು. ಗಾಂಧೀಜಿಯನ್ನು ಆರಾಧಿಸಿಯೂ ಪ್ರಶ್ನಿಸದೆ ಯಾವುದನ್ನೂ ಒಪ್ಪಬೇಡಿರೆಂದು ವಿದ್ಯಾರ್ಥಿಗಳಿಗೆ ಬೋಧಿಸಿದ ಈ ಭೌತವಿಜ್ಞಾನಿಯ ಆತ್ಮಕಥೆ ‘ಹೋರಾಟದ ಹಾದಿ’ ಕನ್ನಡದಲ್ಲಿಯೇ ಇದೆ. ನಮ್ಮ ವಿಜ್ಞಾನಿಗಳ ಶ್ರದ್ಧೆ ಅಶ್ರದ್ಧೆಗಳ ಚರಿತ್ರೆಯನ್ನು ಬರೆಯಹೊರಡುವವರು ಕೋಷ್ಟಕಗಳಿಗೆ ಕೈಹಾಕುವ ಮೊದಲು ಇಂಥ ಆತ್ಮಕಥೆಗಳನ್ನೂ ಕಾಗದಪತ್ರಗಳನ್ನೂ ಒಟ್ಟುಗೂಡಿಸಬೇಕಾಗಿದೆ. ಆ ಕೆಲಸ ಇನ್ನೂ ಬಹುಮಟ್ಟಿಗೆ ಉಳಿದೇ ಇದೆ.