ರಾಜಘಟ್ಟದ ಮಣ್ಣಿನ ಹರಕೆಗಳು

ದೊಡ್ಡಬಳ್ಳಾಪುರ ಎಂದೊಡನೆ ನಮಗೆ ನೆನಪಾಗುವುದು ಮಗ್ಗಗಳ ಸದ್ದು. ಯಾತ್ರೆಯ ಮಾತು ಬಂದರೆ ಘಾಟಿ ಸುಬ್ರಹ್ಮಣ್ಯ. ಆದರೆ ಇದೇ ತಾಲ್ಲೂಕಿನ ರಾಜಘಟ್ಟವೂ ಒಂದು ಕಾಲದಲ್ಲಿ ಭಕ್ತರು ಹರಕೆ ಹೊತ್ತು ಬರುತ್ತಿದ್ದ ಪುಣ್ಯಸ್ಥಳವಾಗಿತ್ತೆಂಬುದನ್ನು ಬಲ್ಲವರು ವಿರಳ. ಆ ಊರಿನಲ್ಲಿ ‘ಬೂದಿಗುಂಟೆ’ ಎಂದು ಕರೆಯುವ ಹೊಲವೊಂದಿದೆ. ಮೈಸೂರು ವಿಶ್ವವಿದ್ಯಾನಿಲಯದ ಪ್ರಾಚೀನ ಇತಿಹಾಸ ಮತ್ತು ಪುರಾತತ್ವ ವಿಭಾಗದವರು ಪ್ರೊ. ಎಂ. ಎಸ್. ಕೃಷ್ಣಮೂರ್ತಿಯವರ ನೇತೃತ್ವದಲ್ಲಿ 2001 ಮತ್ತು 2004ರಲ್ಲಿ ಅಲ್ಲಿ ಉತ್ಖನನ ನಡೆಸಿದಾಗ ಬೌದ್ಧರ ಚೈತ್ಯ ಹಾಗೂ ವಿಹಾರಗಳ ಅವಶೇಷಗಳು ಬೆಳಕಿಗೆ ಬಂದವು. ಚೈತ್ಯವೆಂದರೆ ಆರಾಧನೆಯ ಮಂದಿರ. ವಿಹಾರವೆಂದರೆ ಭಿಕ್ಷುಗಳ ವಸತಿ.

ಬೌದ್ಧರಲ್ಲಿ ಯಾತ್ರೆಯ ಪರಂಪರೆ ಬಹಳ ಹಳೆಯದು. ಬುದ್ಧನ ಅಂತ್ಯಕಾಲವನ್ನು ವಿವರಿಸುವ ಮಹಾಪರಿನಿಬ್ಬಾಣ ಸುತ್ತವು, ಶ್ರದ್ಧಾವಂತರು ಕಣ್ಣಾರೆ ಕಾಣಬೇಕಾದ ನಾಲ್ಕು ಸ್ಥಳಗಳನ್ನು ತಿಳಿಸುತ್ತದೆ. ಅವನು ಹುಟ್ಟಿದ ಲುಂಬಿನಿ, ಜ್ಞಾನೋದಯ ಪಡೆದ ಬೋಧಗಯೆ, ಮೊದಲ ಉಪದೇಶ ನೀಡಿದ ಸಾರನಾಥ, ಕೊನೆಯುಸಿರೆಳೆದ ಕುಶಿನಗರ ಇವೇ ಆ ನಾಲ್ಕು. ಅಶೋಕ ಚಕ್ರವರ್ತಿ ಸ್ವತಃ ಬೋಧಗಯೆಗೆ ಹೋಗಿದ್ದನೆಂದು ಅವನ ಶಾಸನವೇ ಹೇಳುತ್ತದೆ. ಪಟ್ಟಾಭಿಷೇಕದ 20 ವರ್ಷಗಳ ಬಳಿಕ ಲುಂಬಿನಿಗೆ ಬಂದ ಅವನು, ಬುದ್ಧನು ಅಲ್ಲಿ ಹುಟ್ಟಿದನೆಂಬ ಕಾರಣಕ್ಕಾಗಿಯೇ ಆ ಗ್ರಾಮದ ಕರಭಾರವನ್ನು ಇಳಿಸಿದನು.

ದೂರದ ಆ ಸ್ಥಳಗಳನ್ನು ಎಲ್ಲರೂ ತಲುಪುವುದು ಸಾಧ್ಯವಿರಲಿಲ್ಲ. ಆದ್ದರಿಂದ ಬುದ್ಧನ ನೆನಪೇ ಸ್ತೂಪಗಳ ರೂಪದಲ್ಲಿ ಜನರ ಬಳಿಗೆ ಬಂತು. ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯ ಬಳಿ, ಭೀಮಾ ನದಿಯ ದಡದ ಕನಗನಹಳ್ಳಿಯಲ್ಲಿ ಅಂತಹ ಮಹಾಸ್ತೂಪವೊಂದು ದೊರೆತಿದೆ. ಅಲ್ಲಿನ ಶಿಲಾಫಲಕವೊಂದರಲ್ಲಿ ಅಶೋಕನ ಆಕೃತಿಯೊಡನೆ ಅವನ ಹೆಸರನ್ನೂ ಕೆತ್ತಲಾಗಿದೆ.

ಕನಗನಹಳ್ಳಿಯಲ್ಲಿ ಕಾಣುವುದು ಶಿಲ್ಪಿಗಳ ವೈಭವ. ರಾಜಘಟ್ಟದಲ್ಲಿ ಕಾಣುವುದು ಬೇರೆಯೇ ಒಂದು ಲೋಕ. ಅಲ್ಲಿ ಹೇರಳವಾಗಿ ದೊರೆತದ್ದು ಅಂಗೈಯಲ್ಲಿ ಹಿಡಿಯಬಹುದಾದ ಮಣ್ಣಿನ ಪುಟ್ಟ ಹರಕೆ ಸ್ತೂಪಗಳು, ಮತ್ತು ಅವುಗಳ ಒಡಲಲ್ಲಿ ಅಕ್ಷರಗಳನ್ನೊತ್ತಿದ ಮಣ್ಣಿನ ಮುದ್ರೆಗಳು. ಬುದ್ಧನ ಅಸ್ಥಿ ದೊರೆಯದ ಕಡೆ ಅವನ ವಚನವನ್ನೇ ಸ್ತೂಪದೊಳಗಿರಿಸುವ ಪದ್ಧತಿ ಬೌದ್ಧರಲ್ಲಿ ವ್ಯಾಪಕವಾಗಿತ್ತು. ಗುರುವಿನ ದೇಹ ಅಳಿದರೂ ಅವನ ಮಾತಿನಲ್ಲಿ ಅವನು ಇದ್ದಾನೆ ಎಂಬುದು ಅದರ ಹಿಂದಿನ ನಂಬಿಕೆ. ಇದೇ ತಾಲ್ಲೂಕಿನ ಮೇಲೇಕೋಟೆಯಲ್ಲಿ ಸಿಕ್ಕ ಗಂಗ ದೊರೆ ತಡಂಗಾಲ ಮಾಧವನ ತಾಮ್ರಶಾಸನವು ಬೌದ್ಧರಿಗೆ ನೀಡಿದ ದತ್ತಿಯನ್ನು ದಾಖಲಿಸಿದೆ. ದೊರೆಯ ದಾನಕ್ಕೆ ತಾಮ್ರಪಟವಿದೆ, ಹೆಸರಿದೆ. ಈ ಮಣ್ಣಿನ ಸ್ತೂಪಗಳನ್ನು ಅರ್ಪಿಸಿದವರಿಗೆ ಹೆಸರಿಲ್ಲ. ಮಗುವಿನ ಆರೋಗ್ಯಕ್ಕಾಗಿ ಬಂದ ತಾಯಿಯೋ, ಅಗಲಿದವರನ್ನು ನೆನೆದು ಬಂದ ಮಗನೋ, ಯಾರು ಬಲ್ಲರು? ಅವರ ಭಕ್ತಿ ಮಾತ್ರ ಸಾವಿರಕ್ಕೂ ಮಿಕ್ಕಿದ ವರ್ಷಗಳ ಕಾಲ ಮಣ್ಣಿನಡಿಯಲ್ಲಿ ಉಳಿದುಕೊಂಡಿತು.

ಈ ಹರಕೆಗಳು ನಮಗೆ ಅಪರಿಚಿತವೆನಿಸುವುದಿಲ್ಲ. ಘಾಟಿಯಲ್ಲಿ ಭಕ್ತರು ನಾಗರಕಲ್ಲುಗಳನ್ನು ಪ್ರತಿಷ್ಠಾಪಿಸುತ್ತಾರೆ. ವೇಳಾಂಗಣಿಗೆ ಹೋಗುವ ನಮ್ಮವರು ಗುಣವಾದ ಕೈಕಾಲುಗಳ, ಕಟ್ಟಿದ ಮನೆಯ, ತುಂಬಿದ ತೊಟ್ಟಿಲಿನ ಪುಟ್ಟ ಪ್ರತಿರೂಪಗಳನ್ನು ಮಾತೆಯ ಪಾದಕ್ಕೆ ಅರ್ಪಿಸುತ್ತಾರೆ. ನಂಬಿಕೆಗಳು ಬೇರೆ ಬೇರೆ. ಅವೆಲ್ಲ ಒಂದೇ ಎಂದು ಹೇಳುವುದು ಯಾರಿಗೂ ನ್ಯಾಯವಾಗದು. ಆದರೆ ಬರಿಗೈಯಲ್ಲಿ ಹೋಗಲಾರದ ಮನುಷ್ಯನ ಹೃದಯ ಎಲ್ಲೆಡೆ ಒಂದೇ. ಅನ್ಯಧರ್ಮಗಳಲ್ಲಿರುವ ಸತ್ಯವಾದ ಹಾಗೂ ಪವಿತ್ರವಾದ ಯಾವುದನ್ನೂ ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸಾರಿತು. ಆ ಘೋಷಣೆ ಬೌದ್ಧಧರ್ಮವನ್ನು ಹೆಸರಿಸಿಯೇ ಗೌರವದಿಂದ ಸ್ಮರಿಸಿದೆ.

ಆದರೂ ಒಂದು ಪ್ರಶ್ನೆ ಮನಸ್ಸನ್ನು ಕಾಡದೆ ಬಿಡದು. ಇಷ್ಟೊಂದು ಜನರು ಹರಕೆ ಸಲ್ಲಿಸಿದ ಸ್ಥಳ ಮರೆತುಹೋದದ್ದು ಹೇಗೆ? ಹೊಲದ ಹೆಸರಿನಲ್ಲಿ ಬೂದಿ ಉಳಿಯಿತು, ಬುದ್ಧ ಉಳಿಯಲಿಲ್ಲ. ಇದಕ್ಕೆ ಉತ್ತರದ ಒಂದು ಎಳೆ ಮಹಾಪರಿನಿಬ್ಬಾಣ ಸುತ್ತದಲ್ಲೇ ಇದೆ. ಮರಣಶಯ್ಯೆಯ ಮೇಲೆ ಹೂಗಳು ಸುರಿದಾಗ ಬುದ್ಧನು ಶಿಷ್ಯ ಆನಂದನಿಗೆ, ಹೂವಿನಿಂದ ತನಗೆ ನಿಜವಾದ ಗೌರವ ಸಲ್ಲುವುದಿಲ್ಲ, ಧರ್ಮದಂತೆ ನಡೆಯುವವನೇ ತನ್ನನ್ನು ಗೌರವಿಸುವವನು ಎಂದನಂತೆ. ಸ್ಥಳವನ್ನು ಜೀವಂತವಾಗಿರಿಸುವುದು ಕಟ್ಟಡವಲ್ಲ, ಅದನ್ನು ನೆನೆದು ಬಾಳುವ ಸಮುದಾಯ. ಅಂತಹ ಸಮುದಾಯ ಇಲ್ಲವಾದಾಗ ಇಟ್ಟಿಗೆ ಮಣ್ಣಾಗುತ್ತದೆ.

ಪ್ರಭು ಯೇಸು ಬಾವಿಯ ಬಳಿ ಸಮಾರ್ಯದ ಮಹಿಳೆಯೊಡನೆ ಮಾತನಾಡಿದಾಗ ಚರ್ಚೆ ನಡೆದದ್ದು ಆರಾಧನೆಯ ಸ್ಥಳದ ಬಗ್ಗೆಯೇ: ಈ ಬೆಟ್ಟವೋ, ಜೆರುಸಲೇಮೋ? ಪ್ರಭು ಆಕೆಯ ದೃಷ್ಟಿಯನ್ನು ಸ್ಥಳದಿಂದ ಆತ್ಮ ಹಾಗೂ ಸತ್ಯದ ಆರಾಧನೆಯತ್ತ ತಿರುಗಿಸಿದರು. ನಾವೂ ವರ್ಷವರ್ಷವೂ ಯಾತ್ರೆ ಹೋಗುತ್ತೇವೆ, ನಮ್ಮ ಧರ್ಮಕೇಂದ್ರಗಳಲ್ಲಿ ಹೊಸ ದೇವಾಲಯಗಳನ್ನು ಕಟ್ಟುತ್ತೇವೆ. ಅವುಗಳೊಳಗೆ ವಚನ ಇದೆಯೇ? ಮನೆಯಲ್ಲಿ ಮಕ್ಕಳೊಡನೆ ಕುಳಿತು ಶುಭಸಂದೇಶ ಓದುವ ಅಭ್ಯಾಸ ಉಳಿದಿದೆಯೇ?

ಬೂದಿ ಬುಧವಾರದಂದು ಹಣೆಗೆ ಬೂದಿ ಹಚ್ಚಿಸಿಕೊಳ್ಳುವಾಗ ನಾವು ಮಣ್ಣೆಂಬುದನ್ನು ಗುರುಗಳು ನೆನಪಿಸುತ್ತಾರೆ. ನಮ್ಮ ಪಕ್ಕದ ಬೂದಿಗುಂಟೆ ಅದನ್ನೇ ಮೌನವಾಗಿ ಹೇಳುತ್ತಿದೆ. ಜೊತೆಗೆ ಇನ್ನೊಂದು ಮಾತನ್ನೂ ಸೇರಿಸುತ್ತಿದೆ: ಮಣ್ಣಾದರೂ ಒಳಗೊಂದು ವಚನವನ್ನು ಇಟ್ಟುಕೊಂಡಿರು.