ಜಾನುವಾರು ಸಂತೆ, ಜಾತ್ರೆ, ಪ್ರದರ್ಶನಗಳಲ್ಲಿ ಸಾಂಕ್ರಾಮಿಕ ರೋಗ ತಡೆ: ಕೆರೂರ–ಬಾದಾಮಿ ಸೀಮೆಯಿಂದ ಒಂದು ಸಮೀಕ್ಷೆ

ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯ ಮೇಲಿರುವ ಕೆರೂರ, ದನ-ಕುರಿಗಳ ವಾರದ ಸಂತೆಗೆ ಹೆಸರಾದ ಊರು. ಅಲ್ಲಿಂದ ಪೂರ್ವಕ್ಕೆ, ಹುನಗುಂದ ತಾಲ್ಲೂಕಿನ ಅಮೀನಗಡದಲ್ಲಿ ಶನಿವಾರದ ಕುರಿ ಸಂತೆ ನೆರೆಯುತ್ತದೆ. ಬನದ ಹುಣ್ಣಿಮೆಯ ಹೊತ್ತಿಗೆ ಬಾದಾಮಿ ಬಳಿಯ ಚೊಳಚಗುಡ್ಡದಲ್ಲಿ ಬನಶಂಕರಿ ಜಾತ್ರೆ ಕೂಡಿದಾಗ ಬಿಳಿ ಎತ್ತುಗಳ ಸಾಲು ಬಯಲು ತುಂಬುತ್ತದೆ. ಗದಗ, ಕೊಪ್ಪಳ, ಬೆಳಗಾವಿ ಕಡೆಯ ಕುರಿಗಾರರು, ದೂರದ ನಗರಗಳಿಗೆ ಟಗರು ಸಾಗಿಸುವ ವ್ಯಾಪಾರಿಗಳು, ಹೋರಿ ಕೊಳ್ಳಲು ಬಂದ ಒಕ್ಕಲಿಗರು ಎಲ್ಲರೂ ಒಂದೇ ಬಯಲಿನಲ್ಲಿ ಸೇರುತ್ತಾರೆ. 2019ರ ಜಾನುವಾರು ಗಣತಿಯಂತೆ ರಾಜ್ಯದಲ್ಲಿ 1.11 ಕೋಟಿ ಕುರಿಗಳಿವೆ. ಅವುಗಳಲ್ಲಿ ಬಹಳಷ್ಟು ಬದುಕಿನಲ್ಲಿ ಒಮ್ಮೆಯಾದರೂ ಇಂಥ ಸಂತೆಯನ್ನು ಕಾಣುತ್ತವೆ. ಬೇರೆ ಬೇರೆ ಹಟ್ಟಿಗಳ ಪ್ರಾಣಿಗಳನ್ನು ಕೆಲವು ತಾಸು ಒಟ್ಟಿಗೆ ನಿಲ್ಲಿಸಿ ಮತ್ತೆ ನಾಲ್ಕು ದಿಕ್ಕಿಗೆ ಕಳಿಸುವ ಈ ವ್ಯವಸ್ಥೆಯಲ್ಲಿ ರೋಗವನ್ನು ತಡೆಯುವುದು ಹೇಗೆ ಎಂಬ ಪ್ರಶ್ನೆಗೆ ಒಂದೂವರೆ ಶತಮಾನದಿಂದ ಉತ್ತರ ಹುಡುಕಲಾಗುತ್ತಿದೆ.

ಸಂತೆಯಲ್ಲಿ ರೋಗ ಹರಡುವ ಬಗೆಯನ್ನು ವ್ಯಾಪಾರದ ರೀತಿಯಲ್ಲೇ ಕಾಣಬಹುದು. ಕೊಳ್ಳುವವನು ಟಗರಿನ ಕೊರಳು ಹಿಡಿದು, ತುಟಿ ಮೇಲೆತ್ತಿ, ಹಲ್ಲು ನೋಡುತ್ತಾನೆ. ಹಾಲುಹಲ್ಲೋ, ಎರಡು ಹಲ್ಲೋ, ನಾಲ್ಕು ಹಲ್ಲೋ ಎಂಬುದರ ಮೇಲೆ ವಯಸ್ಸು ತಿಳಿಯುತ್ತದೆ, ಬೆಲೆ ನಿಲ್ಲುತ್ತದೆ. ಆಮೇಲೆ ಅದೇ ಕೈ ಪಕ್ಕದ ಮರಿಯ ಬಾಯಿಗೆ ಹೋಗುತ್ತದೆ. ದಲಾಲಿಯ ಕೈಯಂತೂ ಸಂಜೆಯೊಳಗೆ ನೂರಾರು ಬಾಯಿಗಳನ್ನು ಮುಟ್ಟಿರುತ್ತದೆ. ಕಾಲುಬಾಯಿ ಬೇನೆಯ ವೈರಾಣು ಇರುವುದು ಜೊಲ್ಲಿನಲ್ಲಿ. ಪಿಪಿಆರ್ ಎಂದು ಕರೆಯುವ ಆಡು-ಕುರಿಗಳ ಪಿಡುಗಿನ ವೈರಾಣು ಕಣ್ಣು-ಮೂಗಿನ ನೀರಿನಲ್ಲೂ ಹಿಕ್ಕೆಯಲ್ಲೂ ಇರುತ್ತದೆ. ಎಲ್ಲ ಹಿಂಡುಗಳಿಗೂ ಒಂದೇ ನೀರಿನ ತೊಟ್ಟಿ, ಬಂದ ಲಾರಿಯಲ್ಲೇ ತೊಳೆಯದೆ ತುಂಬುವ ಮರುಹೊರೆ, ಕೈ ಬದಲಾದರೂ ಬದಲಾಗದ ಹಗ್ಗ, ಇವೆಲ್ಲ ಸೋಂಕಿಗೆ ದಾರಿ ಮಾಡಿಕೊಡುತ್ತವೆ.

ಇದಕ್ಕಿಂತ ದೊಡ್ಡ ದಾರಿ ಇನ್ನೊಂದಿದೆ. ಮಾರಾಟವಾಗದ ಕುರಿ ಸಂಜೆ ತನ್ನ ಹಟ್ಟಿಗೇ ಮರಳುತ್ತದೆ. ಕಸಾಯಿಖಾನೆಗೆ ಹೋದ ಟಗರಿನ ಸೋಂಕು ಅಲ್ಲಿಗೇ ಕೊನೆಯಾದೀತು. ಹಟ್ಟಿಗೆ ಮರಳಿದ ಕುರಿಯದು ಇಡೀ ಹಿಂಡಿನ ಸೋಂಕಾಗುತ್ತದೆ. ಪಿಪಿಆರ್ ಲಕ್ಷಣ ಕಾಣಲು ಸಾಮಾನ್ಯವಾಗಿ ನಾಲ್ಕಾರು ದಿನ ಬೇಕು. ಕಾಲುಬಾಯಿ ಬೇನೆಗೆ 2ರಿಂದ 14 ದಿನ. ಬಾಯಲ್ಲಿ ಗುಳ್ಳೆ ಏಳುವ ಮುನ್ನವೇ ಕಾಲುಬಾಯಿಯ ವೈರಾಣು ಹೊರಬೀಳತೊಡಗುತ್ತದೆ. ಸಂತೆಯ ದಿನ ಚೆನ್ನಾಗಿಯೇ ಕಂಡ ಪ್ರಾಣಿ ಮುಂದಿನ ಸಂತೆಯೊಳಗೆ ಮನೆಯ ಉಳಿದವನ್ನು ಮಲಗಿಸಿರುತ್ತದೆ.

ಈ ಅರಿವು ಕಾಗದಕ್ಕೆ ಬಂದದ್ದು ದೊಡ್ಡರೋಗದ ಕಾಲದಲ್ಲಿ. ದನಗಳ ಪ್ಲೇಗ್ ಎನಿಸಿದ ರಿಂಡರ್‌ಪೆಸ್ಟ್ ಊರಿಗೆ ಊರನ್ನೇ ಎತ್ತಿಲ್ಲದಂತೆ ಮಾಡುತ್ತಿತ್ತು. ಎತ್ತಿಲ್ಲದ ಊರಿನಲ್ಲಿ ಮುಂಗಾರು ಬಿತ್ತನೆಯೂ ನಿಲ್ಲುತ್ತಿತ್ತು. ಹ್ಯಾಲನ್ ಅಧ್ಯಕ್ಷತೆಯ ಆಯೋಗ 1871ರಲ್ಲಿ ಭಾರತದ ದನಗಳ ಪಿಡುಗುಗಳ ಬಗ್ಗೆ ವರದಿ ಕೊಟ್ಟಾಗ ಕೈಯಲ್ಲಿ ಔಷಧಿಯಾಗಲಿ ಲಸಿಕೆಯಾಗಲಿ ಇರಲಿಲ್ಲ. ಬೇನೆ ಬಿದ್ದ ದನವನ್ನು ಬೇರೆ ಕಟ್ಟುವುದು, ಓಡಾಟ ನಿಲ್ಲಿಸುವುದು, ಇಷ್ಟೇ ಉಪಾಯ. ಅದು ಸರಿಯಾದ ಉಪಾಯವೇ ಆಗಿತ್ತು, ನಡೆಸುವ ಕೈಗಳು ಸಾಲದಿದ್ದವು. 1889ರಲ್ಲಿ ಪುಣೆಯಲ್ಲಿ ಆರಂಭವಾದ ಇಂಪೀರಿಯಲ್ ಬ್ಯಾಕ್ಟೀರಿಯಾಲಜಿಕಲ್ ಲ್ಯಾಬೊರೇಟರಿ 1893ರಲ್ಲಿ ಹಿಮಾಲಯದ ಮುಕ್ತೇಶ್ವರಕ್ಕೆ ಹೋಯಿತು. ಅಲ್ಲಿ ತಯಾರಾದ ರೋಗನಿರೋಧಕ ಸೀರಮ್ ರೋಗ ಬಿದ್ದ ಊರುಗಳ ದನಗಳಿಗೆ ಕೆಲವು ದಿನಗಳ ರಕ್ಷಣೆ ಕೊಡುತ್ತಿತ್ತು. ಮೈಸೂರು ಸಂಸ್ಥಾನ ತನ್ನದೇ ಸೀರಮ್ ಸಂಸ್ಥೆಯನ್ನು 1925ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಕಟ್ಟಿತು. ಇಂದಿನ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ಬೆಳೆದದ್ದು ಅದರಿಂದಲೇ. ಆಗ ಬಾಗಲಕೋಟೆ, ಬಾದಾಮಿ, ಹುನಗುಂದಗಳು ಮುಂಬಯಿ ಪ್ರಾಂತ್ಯದ ವಿಜಾಪುರ ಜಿಲ್ಲೆಯಲ್ಲಿದ್ದವು. ಈ ಭಾಗದ ಪಶುವೈದ್ಯ ಆಡಳಿತ ಪುಣೆ-ಮುಂಬಯಿಗಳತ್ತ ನೋಡುತ್ತಿತ್ತು.

ದೇಶದ ಮಟ್ಟದ ಕಾನೂನು ಮೊದಲು ಕೈಯಿಟ್ಟದ್ದು ದನದ ಮೇಲಲ್ಲ, ಕುದುರೆಯ ಮೇಲೆ. ಸೈನ್ಯವೂ ಟಾಂಗಾ ಸಂಚಾರವೂ ಕುದುರೆಯನ್ನೇ ನೆಚ್ಚಿದ್ದ ಕಾಲವದು. ಮನುಷ್ಯರಿಗೂ ತಗಲುವ ಗ್ಲ್ಯಾಂಡರ್ಸ್ ರೋಗದ ವಿರುದ್ಧ 1899ರಲ್ಲೇ ಕಾಯ್ದೆಯಾಯಿತು. ಸೋಂಕು ಖಚಿತವಾದ ಕುದುರೆಯನ್ನು ಕೊಲ್ಲುವ ಅಧಿಕಾರವನ್ನು ಅದು ಕೊಟ್ಟಿತು. ಒಕ್ಕಲಿಗನ ಎತ್ತಿಗೆ ಅಂಥದೇ ಕಟ್ಟುನಿಟ್ಟಿನ ಕಾನೂನು ದೇಶದ ಮಟ್ಟದಲ್ಲಿ ಬರಲು ನೂರು ವರ್ಷಗಳಿಗೂ ಹೆಚ್ಚು ಕಾಯಬೇಕಾಯಿತು.

1920ರ ದಶಕದಲ್ಲಿ ಮುಕ್ತೇಶ್ವರದ ವಿಜ್ಞಾನಿ ಎಡ್ವರ್ಡ್ಸ್, ರಿಂಡರ್‌ಪೆಸ್ಟ್ ವೈರಾಣುವನ್ನು ಆಡುಗಳ ಮೈಯಲ್ಲಿ ಮತ್ತೆ ಮತ್ತೆ ಹಾಯಿಸಿ ಸೌಮ್ಯಗೊಳಿಸಿ ಲಸಿಕೆ ಮಾಡಿದ್ದು ಈ ಕ್ಷೇತ್ರದ ಮೊದಲ ದೊಡ್ಡ ತಿರುವು. ಸ್ವಾತಂತ್ರ್ಯಾನಂತರ 1954ರಲ್ಲಿ ರಾಷ್ಟ್ರೀಯ ರಿಂಡರ್‌ಪೆಸ್ಟ್ ನಿರ್ಮೂಲನ ಕಾರ್ಯಕ್ರಮ ಶುರುವಾಯಿತು. ಶೇ. 80ರಷ್ಟು ದನಗಳಿಗೆ ಲಸಿಕೆ ಹಾಕುವುದು ಗುರಿ. ರೋಗ ಬಹಳ ಇಳಿಯಿತು, ಹೋಗಲಿಲ್ಲ. ಲಸಿಕೆ ತಪ್ಪಿಸಿಕೊಂಡ ದನಗಳು ಸಂತೆಯಿಂದ ಸಂತೆಗೆ ಅದನ್ನು ಹೊತ್ತು ನಡೆದವು. ಆದ್ದರಿಂದ 1992ರಲ್ಲಿ ಆರಂಭವಾದ ಕೊನೆಯ ಹಂತದ ಯೋಜನೆಯಲ್ಲಿ ಸೂಜಿಯ ಜೊತೆಗೆ ಹುಡುಕಾಟವೂ ಸೇರಿತು. ಪಶುವೈದ್ಯ ಸಿಬ್ಬಂದಿ ಹಳ್ಳಿ ಹಳ್ಳಿಗೆ ಹೋಗಿ ಜೊಲ್ಲು ಸುರಿಸುವ, ಭೇದಿಯಾಗುವ ದನವಿದೆಯೇ ಎಂದು ಕೇಳಿದರು. ಆಸ್ಪತ್ರೆಯ ದಿನಚರಿ ಪುಸ್ತಕಗಳನ್ನು ತಿರುವಿದರು. ದನಗಳು ನಡೆದು ಸಾಗುವ ದಾರಿಗಳನ್ನೂ ಅವು ಸೇರುವ ಸಂತೆಗಳನ್ನೂ ಶೋಧಿಸಿದರು. ಸಂತೆಯನ್ನು ರೋಗ ಪತ್ತೆ ಹಚ್ಚುವ ಜಾಗವಾಗಿ ಬಳಸಿದ್ದು ಆಗಲೇ. ದೇಶದ ಕೊನೆಯ ಪ್ರಕರಣ 1995ರಲ್ಲಿ ತಮಿಳುನಾಡಿನಲ್ಲಿ ಕಂಡಿತು. 2006ರಲ್ಲಿ ಭಾರತ ಸೋಂಕುಮುಕ್ತವೆನಿಸಿತು. 2011ರಲ್ಲಿ ಇಡೀ ಜಗತ್ತು. ಮನುಷ್ಯ ಭೂಮಿಯಿಂದ ತೊಡೆದುಹಾಕಿದ ಏಕೈಕ ಪ್ರಾಣಿರೋಗವಿದು. ಇದರಲ್ಲಿ ಊರೂರು ಅಲೆದ ಲಸಿಕೆದಾರರ ಪಾಲು ಪ್ರಯೋಗಾಲಯದ ಪಾಲಿಗಿಂತ ಕಡಿಮೆಯದಲ್ಲ, ಅವರ ಹೆಸರುಗಳು ಮಾತ್ರ ಅಷ್ಟಾಗಿ ಕೇಳಿಬರುವುದಿಲ್ಲ.

ದೊಡ್ಡರೋಗ ಹೋಗುವ ಹೊತ್ತಿಗೆ ಕುರಿಹಟ್ಟಿಗೆ ಅದರ ದಾಯಾದಿ ಬಂದಿತ್ತು. ಪಿಪಿಆರ್ ಭಾರತದಲ್ಲಿ ಮೊದಲು ಗುರುತಾದದ್ದು 1987ರಲ್ಲಿ, ತಮಿಳುನಾಡಿನ ಅರಸೂರಿನಲ್ಲಿ. ಕೆಲವು ವರ್ಷ ದಕ್ಷಿಣಕ್ಕಷ್ಟೇ ಸೀಮಿತವಾಗಿದ್ದು, 1994ರ ನಂತರ ಉತ್ತರಕ್ಕೂ ಹಬ್ಬಿತು. ಮುಕ್ತೇಶ್ವರದ ವಿಜ್ಞಾನಿಗಳು ‘ಸುಂಗ್ರಿ 96’ ತಳಿಯಿಂದ ಮಾಡಿದ ಲಸಿಕೆ ಒಂದೇ ಸಲಕ್ಕೆ ಮೂರು ವರ್ಷಕ್ಕೂ ಹೆಚ್ಚು ಕಾಲ ಕಾಯುತ್ತದೆ. 2010–11ರಲ್ಲಿ ಶುರುವಾದ ನಿಯಂತ್ರಣ ಕಾರ್ಯಕ್ರಮದ ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಜಾಗತಿಕ ನಿರ್ಮೂಲನಕ್ಕೆ 2030ರ ಗಡುವಿದೆ. ಬಾಗಲಕೋಟೆ ಸೀಮೆಯಲ್ಲಿ ಇದರ ಕಷ್ಟ ಬೇರೆಯೇ. ಕುರಿಗಾರರು ವರ್ಷದ ಬಹುಪಾಲು ಊರಲ್ಲಿರುವುದಿಲ್ಲ. ಮೇವಿನ ಬೆನ್ನು ಹತ್ತಿ ಜಿಲ್ಲೆ ದಾಟಿ, ಒಕ್ಕಲಿಗರ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸುತ್ತ ಸಾಗುತ್ತಾರೆ. ಊರಿಗೆ ಲಸಿಕೆ ಬಂದಾಗ ಹಿಂಡು ಇರುವುದಿಲ್ಲ. ಹಿಂಡು ಬಂದಾಗ ಲಸಿಕೆಯ ಸುತ್ತು ಮುಗಿದಿರುತ್ತದೆ. ಸುತ್ತುಗಳನ್ನು ಊರಿನ ಪಟ್ಟಿಗಿಂತ ಹಿಂಡಿನ ದಾರಿಗೆ ಹೊಂದಿಸುವುದು ಹೆಚ್ಚು ಫಲ ಕೊಡುತ್ತದೆ. ನೀಲಿ ನಾಲಿಗೆ ರೋಗದ ಬಗೆ ಬೇರೆ. ಮಳೆಗಾಲದಲ್ಲಿ ಕಚ್ಚುವ ಸಣ್ಣ ನುಸಿ ಅದನ್ನು ಹರಡುತ್ತದೆ. ಅದರ ಮುಂದೆ ಸಂತೆಯ ತಪಾಸಣೆ ಹೆಚ್ಚೇನೂ ಮಾಡಲಾರದು, ಮಳೆಗೆ ಮುಂಚಿನ ಲಸಿಕೆಯೇ ಗತಿ.

ಸಂತೆಯ ಅಪಾಯವನ್ನು ಜಗತ್ತಿಗೆ ಮನಗಾಣಿಸಿದ್ದು 2001ರಲ್ಲಿ ಬ್ರಿಟನ್ನಿನಲ್ಲಿ ಎದ್ದ ಕಾಲುಬಾಯಿ ಬೇನೆ. ಹೆಕ್ಸಮ್, ಲಾಂಗ್‌ಟೌನ್ ಸಂತೆಗಳಿಗೆ ಬಂದ ಕುರಿಗಳಲ್ಲಿ ಲಕ್ಷಣ ಎದ್ದು ಕಾಣಲಿಲ್ಲ. ಅವು ಊರೂರಿಗೆ ರೋಗ ಒಯ್ದವು. 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಲ್ಲಬೇಕಾಯಿತು. ಅದರಿಂದ ಹುಟ್ಟಿದ ನಿಯಮ ಸರಳ: ಹೊಸ ದನ-ಕುರಿ ಒಳಬಂದ ಮೇಲೆ ಆ ಹಿಡುವಳಿಯಿಂದ 6 ದಿನ ಯಾವ ಪ್ರಾಣಿಯೂ ಹೊರಹೋಗಬಾರದು. ಕರ್ನಾಟಕಕ್ಕೆ ಅಂಥ ಪೆಟ್ಟು ಬಿದ್ದದ್ದು 2013ರಲ್ಲಿ. ದಕ್ಷಿಣದ ರಾಜ್ಯಗಳಲ್ಲೆಲ್ಲ ಹಬ್ಬಿದ ಕಾಲುಬಾಯಿಗೆ ಇಲ್ಲಿ ಸಾವಿರಾರು ರಾಸುಗಳು ಬಲಿಯಾದವು, ಮಿಶ್ರತಳಿ ಹಸುಗಳ ಪಾಡು ಹೇಳತೀರದಾಯಿತು. ದನದ ಜಾತ್ರೆ-ಸಂತೆಗಳಿಗೆ ತಡೆ ಬಿತ್ತು. 2019ರ ಸೆಪ್ಟೆಂಬರ್‌ನಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮ ಆರು ತಿಂಗಳಿಗೊಮ್ಮೆ ಲಸಿಕೆ, ಪ್ರತಿ ರಾಸಿನ ಕಿವಿಗೆ 12 ಅಂಕಿಯ ಓಲೆ ಎಂಬ ಪದ್ಧತಿ ತಂದಿತು. ಈ ಓಲೆಯ ಮಹತ್ವ ಸಂತೆಯಲ್ಲೇ ಹೆಚ್ಚು: ಪ್ರಾಣಿ ಎಲ್ಲಿಯದು, ಲಸಿಕೆ ಎಂದು ಆಯಿತು ಎಂಬುದನ್ನು ದ್ವಾರದಲ್ಲೇ ತಿಳಿಯಬಹುದು.

2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಮತ್ತು ನಿಯಂತ್ರಣ ಕಾಯ್ದೆ ಕುದುರೆಗಳ ಹಳೆಯ ಕಾಯ್ದೆಯನ್ನೂ ಒಳಗೊಂಡು ಎಲ್ಲ ಪ್ರಾಣಿಗಳಿಗೂ ಒಂದೇ ಚೌಕಟ್ಟು ಹಾಕಿತು. ರೋಗದ ಗುಮಾನಿ ಬಂದರೆ ಮಾಲೀಕ ಪಂಚಾಯಿತಿ ಅಥವಾ ಗ್ರಾಮದ ಅಧಿಕಾರಿಗೆ ತಿಳಿಸಬೇಕು. ನಿಯಂತ್ರಿತ ಪ್ರದೇಶವೆಂದು ಘೋಷಿಸಿದ ಕಡೆ ಸಂತೆ, ಜಾತ್ರೆ, ಪ್ರದರ್ಶನ ನಡೆಸುವಂತಿಲ್ಲ. ತನಿಖಾ ಠಾಣೆ, ಪ್ರತ್ಯೇಕಿಸಿಡುವ ಶಿಬಿರ ತೆರೆಯಲೂ ಅವಕಾಶವಿದೆ. 2022ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ರಾಜ್ಯದ ಜಿಲ್ಲಾಡಳಿತಗಳು ದನದ ಸಂತೆ-ಜಾತ್ರೆಗಳನ್ನು ನಿಲ್ಲಿಸಿದವು. ಆಡಿನ ಸಿಡುಬಿನ ಲಸಿಕೆಯನ್ನೇ ದನಗಳಿಗೆ ಹಾಕಲಾಯಿತು. ಸೊಳ್ಳೆ, ನೊಣ, ಉಣ್ಣೆಗಳಿಂದ ಹರಡುವ ರೋಗಕ್ಕೂ ಸಂತೆ ನಿಲ್ಲಿಸುವುದರಿಂದ ಪ್ರಯೋಜನವುಂಟು, ದೂರದ ಜಿಲ್ಲೆಗೆ ಅದನ್ನು ಒಯ್ಯುವುದು ಸೊಳ್ಳೆ-ನೊಣಗಳಿಗಿಂತ ಹೆಚ್ಚಾಗಿ ಲಾರಿಯೇ. ಆದರೆ ತಡೆಯಾಜ್ಞೆ ಬಹುದಿನ ನಡೆದರೆ ವ್ಯಾಪಾರ ನಿಲ್ಲುವುದಿಲ್ಲ. ಸಂತೆಯ ಬಯಲು ಬಿಟ್ಟು ಹಟ್ಟಿಯ ಬಾಗಿಲಿಗೆ ಬರುತ್ತದೆ. ಅಲ್ಲಿ ನೋಡುವ ಪಶುವೈದ್ಯನೂ ಇಲ್ಲ, ದಾಖಲೆಯೂ ಇಲ್ಲ. ಚೆನ್ನಾಗಿ ಕಾದ ಸಂತೆ ಮುಚ್ಚಿದ ಸಂತೆಗಿಂತ ಮೇಲು. ಬೇನೆಯನ್ನು ಮುಚ್ಚಿಡುವ ಕುರಿಗಾರನನ್ನು ಬೈಯುವುದೂ ಸಲ್ಲದು. ಹೇಳಿದರೆ ಹಿಂಡೇ ಮಾರಾಟವಾಗದೆಂಬ ಹೆದರಿಕೆ ಅವನಿಗೆ. ಸತ್ತ ಕುರಿಗೆ ಪರಿಹಾರ ಕೊಡುವ ಅನುಗ್ರಹ ಯೋಜನೆ ತಡವಿಲ್ಲದೆ ಕೈಗೆ ಸಿಕ್ಕಷ್ಟೂ ಬೇನೆಯ ಸುದ್ದಿ ಬೇಗ ಬರುತ್ತದೆ.

ಸ್ಪರ್ಧೆ-ಪ್ರದರ್ಶನಗಳ ಕಥೆ ಸಂತೆಗಿಂತ ತುಸು ಭಿನ್ನ. ಇಲ್ಲಿ ಪ್ರಾಣಿ ಮಾರಿಹೋಗುವುದಿಲ್ಲ, ಬಂದವೆಲ್ಲ ಮನೆಗೇ ಮರಳುತ್ತವೆ. ಅವನ್ನು ಹಿಡಿದು ತರುವವರು ಹೆಚ್ಚಾಗಿ ಹುಡುಗರು. ಟಗರಿನ ಕಾಳಗಕ್ಕೆ ಊರ ಹುಡುಗರು ಸಾಕಿದ ಟಗರು, ತೆರಬಂಡಿ ಸ್ಪರ್ಧೆಗೆ ಎತ್ತು, ಗಾಡಿ ಓಟಕ್ಕೆ ಕುದುರೆ, ಪಶುಪಾಲನಾ ಇಲಾಖೆಯ ಕರುಗಳ ಪ್ರದರ್ಶನಕ್ಕೆ ಮನೆಯ ಮಕ್ಕಳು ಮೈತೊಳೆದು ತಂದ ಕರು ಬರುತ್ತವೆ. ಡಿಕ್ಕಿಯಲ್ಲಿ ಗಾಯಗೊಂಡ ಟಗರಿನ ರಕ್ತ, ಒಂದೇ ಬಕೆಟ್ಟಿನ ನೀರು, ಒಬ್ಬರ ಬ್ರಷ್ಷು ಇನ್ನೊಬ್ಬರ ಕುದುರೆಗೆ, ಅಪಾಯ ಇರುವುದು ಇಲ್ಲಿ. 2021ರ ಫೆಬ್ರುವರಿಯಲ್ಲಿ ಸ್ಪೇನಿನ ವೆಲೆನ್ಸಿಯಾದ ಕುದುರೆ ಜಿಗಿತದ ಸ್ಪರ್ಧೆಯಲ್ಲಿ ಹರ್ಪಿಸ್ ವೈರಾಣು ಹಬ್ಬಿ ಕುದುರೆಗಳು ಸತ್ತಾಗ ಯುರೋಪಿನ ಹಲವು ದೇಶಗಳಲ್ಲಿ ಸ್ಪರ್ಧೆಗಳೇ ನಿಂತವು. ಆಮೇಲಿನ ನಿಯಮಗಳ ತಿರುಳು ಸಣ್ಣದು: ಸ್ಪರ್ಧೆಗೆ ಮುನ್ನವೂ ಸ್ಪರ್ಧೆಯ ದಿನಗಳಲ್ಲೂ ಜ್ವರ ನೋಡಿ ಬರೆದಿಡಬೇಕು. ಭಾರತದಲ್ಲಿ ಗ್ಲ್ಯಾಂಡರ್ಸ್ 2006ರಿಂದ ಮತ್ತೆ ಕಾಣತೊಡಗಿದೆ. ರಕ್ತದ ಮಾದರಿ ಹಿಸಾರ್‌ನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರಕ್ಕೆ ಹೋಗಿ ಖಚಿತವಾದರೆ ಕುದುರೆಗೆ ದಯಾಮರಣವೇ. ಗಾಡಿ ಓಟಕ್ಕೆ ಬರುವ ಕುದುರೆಗೆ ಈ ಪರೀಕ್ಷೆ ಕಡ್ಡಾಯವಾಗುವುದು ಕುದುರೆಗಿಂತ ಅದರ ಮುಖ ಒರೆಸುವ ಹುಡುಗನ ಕ್ಷೇಮಕ್ಕೆ ಅಗತ್ಯ.

ಇಂದು ಪಶುವೈದ್ಯರು ಒಪ್ಪುವ ಕ್ರಮಗಳಲ್ಲಿ ದುಬಾರಿಯದು ಯಾವುದೂ ಇಲ್ಲ. ಲಸಿಕೆ ಜಾತ್ರೆಯ ಬೆಳಿಗ್ಗೆ ಅಲ್ಲ, ಕನಿಷ್ಠ ಮೂರು ವಾರ ಮುಂಚೆ ಆಗಬೇಕು, ಮೈಯಲ್ಲಿ ರಕ್ಷಣೆ ಹುಟ್ಟಲು ಅಷ್ಟು ಕಾಲ ಬೇಕು. ಯಲಹಂಕದ ನಿವೇದಿ ಸಂಸ್ಥೆ ಜಿಲ್ಲಾವಾರು ರೋಗ ಮುನ್ಸೂಚನೆಯನ್ನು ಎರಡು ತಿಂಗಳು ಮೊದಲೇ ಕೊಡುತ್ತದೆ. ಜಾತ್ರಾ ಸಮಿತಿಗೆ ತಯಾರಿಗೆ ಅದು ಸಾಕು. ದ್ವಾರದಲ್ಲಿ ಓಲೆ ನೋಡಿ, ಮೂಗು ಸೋರುವ, ಕುಂಟುವ, ಜೊಲ್ಲು ಸುರಿಸುವ ಪ್ರಾಣಿಯನ್ನು ಅದರ ಹಿಂಡಿನ ಸಮೇತ ಬೇರೆ ನಿಲ್ಲಿಸಬೇಕು. ಲಾರಿಯ ಹಾಸನ್ನು ಸೆಗಣಿ ಕೆರೆದು ತೆಗೆದ ಮೇಲೆ ಶೇ. 4ರ ವಾಷಿಂಗ್ ಸೋಡಾ ದ್ರಾವಣದಿಂದ ತೊಳೆದರೆ ಕಾಲುಬಾಯಿಯ ವೈರಾಣು ಉಳಿಯದು. ಹಲ್ಲು ನೋಡುವವರಿಗೆ ಅಂಥದೇ ನೀರಿನ ಬಕೆಟ್ಟು ಸಾಲಿಗೊಂದು ಇಡಬಹುದು. ಮನೆಗೆ ಮರಳಿದ ಅಥವಾ ಹೊಸದಾಗಿ ಕೊಂಡ ಪ್ರಾಣಿಯನ್ನು ಎರಡು-ಮೂರು ವಾರ ಬೇರೆ ಕಟ್ಟಿ, ಮೇವು ನೀರು ಕೊಡುವಾಗ ಅದರ ಸರದಿಯನ್ನು ಕೊನೆಗಿಡಬೇಕು. ನೆರಡಿ (ಆಂಥ್ರಾಕ್ಸ್) ರೋಗದಿಂದ ಸತ್ತಿರಬಹುದೆನಿಸಿದ ಪ್ರಾಣಿಯನ್ನು ಕೊಯ್ಯದೆ ಆಳವಾಗಿ ಹೂಳಬೇಕು. ಗುಮಾನಿ ಬಂದೊಡನೆ ಕರೆ ಮಾಡಲು 1962 ಸಹಾಯವಾಣಿ ಇದೆ.

ಲಸಿಕೆಯ ವಿಜ್ಞಾನ ಆಡಿನ ಮೈಯಿಂದ ಹೊರಟು ಬಹುದೂರ ಬಂದಿದೆ. ಸಂತೆಯ ದ್ವಾರದ ವ್ಯವಸ್ಥೆ ಅಷ್ಟು ಬೆಳೆದಿಲ್ಲ. ಸುಂಕ ವಸೂಲಿಗೆ ದ್ವಾರದಲ್ಲಿ ಆಳು ಇರುವ ಕಡೆಯಲ್ಲೇ ಓಲೆ ನೋಡುವವನನ್ನೂ ನಿಲ್ಲಿಸಬಹುದು, ಸುಂಕದ ಒಂದು ಪಾಲನ್ನು ಲಾರಿ ತೊಳೆಯುವ ಕಟ್ಟೆಗೆ, ನೀರಿಗೆ, ಬೇರೆ ನಿಲ್ಲಿಸುವ ದೊಡ್ಡಿಗೆ ತೆಗೆದಿಡಬಹುದು. ಮಾರುಕಟ್ಟೆ ಸಮಿತಿ, ಪಟ್ಟಣ ಪಂಚಾಯಿತಿ, ಪಶುಪಾಲನಾ ಇಲಾಖೆ ಮೂರೂ ಕೂಡಿ ನಡೆಸಬೇಕಾದ ಕೆಲಸವಿದು.