ದೊರೆಯ ಬೆಂಡಿನ ಟೋಪಿ, ದೊಡ್ಡಪ್ಪನ ಹಿಮ್ಮಡಿ

ಈ ಸಲ ಯುಗಾದಿಗೆ ಊರಿಗೆ ಹೋದಾಗ (ಶ್ರೀನಿವಾಸಪುರದ ಹತ್ತಿರ ಒಂದು ಹಳ್ಳಿ) ಅಟ್ಟ ಗುಡಿಸುವ ಕೆಲಸ ನನ್ನ ತಲೆಗೆ ಬಿತ್ತು. ಹಳೇ ಮೊರ, ತಳ ಹೋದ ಬಿಂದಿಗೆಗಳ ನಡುವೆ ಒಂದು ಟೋಪಿ ಸಿಕ್ಕಿತು. ಹಳೇ ಸಿನಿಮಾಗಳಲ್ಲಿ ಬ್ರಿಟಿಷ್ ಕಲೆಕ್ಟರ್ ಹಾಕಿಕೊಂಡಿರ್ತಾನಲ್ಲ, ಅಂಥದ್ದು. ಮೇಲಿನ ಖಾಕಿ ಬಟ್ಟೆ ಅರ್ಧ ಹುಳ ತಿಂದಿದೆ. ಕೈಗೆತ್ತಿಕೊಂಡರೆ ತೂಕವೇ ಇಲ್ಲ! ತಾತ ಹುಡುಗನಾಗಿದ್ದಾಗ ಕೆಜಿಎಫ್‌ನಲ್ಲಿ ಒಬ್ಬ ದೊರೆಯ ಬಂಗಲೆ ತೋಟಕ್ಕೆ ನೀರು ಹಾಕುತ್ತಿದ್ದರಂತೆ. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. ದೊರೆ ಗಂಟುಮೂಟೆ ಕಟ್ಟಿದ, ಟೋಪಿ ತಾತನ ಪಾಲಿಗೆ ಬಂತು.

ಬೆಂಗಳೂರಿಗೆ ವಾಪಸ್ ಬಂದ ಮೇಲೆ ಒಂದು ವಾರ ಈ ಟೋಪಿಯ ಹಿಂದೆಯೇ ಬಿದ್ದೆ. ಇದರ ಹೆಸರು ಸೋಲಾ ಟೋಪಿ. ನಾನು ಇಷ್ಟು ದಿನ 'ಸೋಲಾರ್' ಅಂದುಕೊಂಡಿದ್ದೆ. ಸೂರ್ಯನಿಗೂ ಆ ಹೆಸರಿಗೂ ಸಂಬಂಧವೇ ಇಲ್ಲವಂತೆ. ಶೋಲಾ ಅನ್ನೋದು ಬಂಗಾಳದ ಕಡೆ ಜೌಗಿನಲ್ಲಿ ಬೆಳೆಯುವ ಒಂದು ಗಿಡ, ಅದರ ಬೆಂಡಿನಿಂದ ಮಾಡಿದ ಟೋಪಿ ಇದು. ನಮ್ಮಲ್ಲಿ ಮದುವೆಯ ಬಾಸಿಂಗಕ್ಕೆ ಬಳಸುತ್ತಾರಲ್ಲ, ಅಂಥದೇ ಬೆಂಡು :)

ದೊರೆಗಳಿಗೆ ಇದು ಬರೀ ಶೋಕಿಯಲ್ಲ, ನಿಜವಾದ ಭಯ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೋಲಾರದ ಚಿನ್ನದ ಗಣಿಗೆ ಕೈ ಹಾಕಿದ ಕಾಲಕ್ಕೆ ಯುರೋಪಿನ ವೈದ್ಯರು ಒಂದು ಮಾತನ್ನು ಗಟ್ಟಿಯಾಗಿ ನಂಬಿದ್ದರು. ಉಷ್ಣದೇಶದ ಬಿಸಿಲು ತಲೆಬುರುಡೆಯನ್ನು ತೂರಿ ಮಿದುಳು, ಬೆನ್ನುಹುರಿಗಳನ್ನು ಕೆಡಿಸುತ್ತದೆ ಅಂತ. ಅದಕ್ಕೇ ಟೋಪಿ ಸಾಲದು ಅಂತ ಬೆನ್ನಿಗೂ ಒಂದು ದಪ್ಪ ಬಟ್ಟೆಯ ಪಟ್ಟಿ ಗುಂಡಿ ಹಾಕಿ ಕಟ್ಟಿಕೊಳ್ಳುತ್ತಿದ್ದರು. ನಮ್ಮ ಏಪ್ರಿಲ್ ಸೆಕೆಯಲ್ಲಿ ಆ ಅವಸ್ಥೆ ಊಹಿಸಿಕೊಳ್ಳಿ! ಅಮೆರಿಕದ ಸೇನೆಯ ವೈದ್ಯ ಚಾರ್ಲ್ಸ್ ವುಡ್ರಫ್ 1905ರಲ್ಲಿ ಉಷ್ಣದೇಶದ ಬೆಳಕು ಬಿಳಿಯರನ್ನು ಹೇಗೆ ಹಾಳು ಮಾಡುತ್ತದೆ ಅಂತ ಒಂದು ಪುಸ್ತಕವನ್ನೇ ಬರೆದ. ಅದಾದ ಮೇಲೆ ಫಿಲಿಪ್ಪೀನ್ಸಿನಲ್ಲಿ ಸಾವಿರದಷ್ಟು ಸೈನಿಕರಿಗೆ ಕಿತ್ತಳೆ-ಕೆಂಪು ಬಣ್ಣದ ಒಳಉಡುಪು ತೊಡಿಸಿ ನೋಡಿದರು. ಆ ಬಣ್ಣ ಕೆಟ್ಟ ಕಿರಣಗಳನ್ನು ತಡೆಯುತ್ತೆ ಅಂತ ಲೆಕ್ಕಾಚಾರ. ಸಿಕ್ಕ ಫಲ ಏನಪ್ಪಾ ಅಂದರೆ ಸೆಕೆ ಇನ್ನೂ ಜಾಸ್ತಿಯಾಯ್ತು, ಅಷ್ಟೇ.

ತಮಾಷೆ ನೋಡಿ. ಬಿಸಿಲಿನ ನಿಜವಾದ ಹಾನಿಯನ್ನು ಅದೇ ಕಾಲದಲ್ಲಿ ಬೇರೆಯವರು ಬೇರೆ ಕಡೆ ಕಂಡಿದ್ದರು. 1894ರಲ್ಲಿ ಜರ್ಮನಿಯ ಚರ್ಮವೈದ್ಯ ಪಾಲ್ ಉನ್ನಾ, ನಾವಿಕರ ಮುಖ-ಕೈಗಳ ಚರ್ಮ ಒರಟಾಗಿ ಕ್ಯಾನ್ಸರ್ ಕಡೆ ತಿರುಗುವುದನ್ನು ವಿವರಿಸಿದ. ಆಮೇಲೆ ಫ್ರಾನ್ಸಿನ ಬೋರ್ಡೋದಲ್ಲಿ ದ್ಯುಬ್ರೋಯ್ ಅನ್ನುವವನು ದ್ರಾಕ್ಷಿ ತೋಟದ ಕೂಲಿಗಳಲ್ಲಿ ಅದನ್ನೇ ಕಂಡ. 1928ರಲ್ಲಿ ಫಿಂಡ್ಲೆ ಎಂಬಾತ ಇಲಿಗಳ ಮೇಲೆ ನೇರಳಾತೀತ ಕಿರಣ ಬಿಟ್ಟು ಚರ್ಮದ ಕ್ಯಾನ್ಸರ್ ಬರುವುದನ್ನು ತೋರಿಸಿದ. ಅಂದರೆ ತೊಂದರೆ ಮಿದುಳಿಗಲ್ಲ, ಚರ್ಮಕ್ಕೆ. ದೊರೆಯ ಟೋಪಿ ತಪ್ಪು ಕಾರಣಕ್ಕೆ ಅರ್ಧ ಸರಿ ಕೆಲಸ ಮಾಡುತ್ತಿತ್ತು. ಅರ್ಧ ಯಾಕೆ ಅಂದರೆ ತಲೆಗೆ ಟೋಪಿ, ಕಾಲಿಗೆ ಚಡ್ಡಿ! ಎರಡನೇ ಮಹಾಯುದ್ಧದ ಹೊತ್ತಿಗೆ ಸೈನ್ಯವೇ ಈ ಟೋಪಿಯನ್ನು ಕೈಬಿಟ್ಟಿತು.

ಇನ್ನು ನಮ್ಮವರು. ಚಾಂಪಿಯನ್ ರೀಫ್‌ನಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದವರಿಗೆ ಬಿಸಿಲಿನ ಪ್ರಶ್ನೆಯೇ ಇರಲಿಲ್ಲ, ಅವರ ಕಷ್ಟ ಬೇರೆ. ಮೇಲಿದ್ದವರಿಗೆ ರುಮಾಲು, ಕುರಿ ಕಾಯೋರಿಗೆ ಕಂಬಳಿ, ಹೆಂಗಸರಿಗೆ ಸೆರಗು. ಇದಕ್ಕೆ ಯಾರೂ ಸಿದ್ಧಾಂತ ಕಟ್ಟಲಿಲ್ಲ, ಪುಸ್ತಕ ಬರೆಯಲಿಲ್ಲ. ಜೊತೆಗೆ ಮೈಬಣ್ಣ ಇತ್ತು. 1979ರಲ್ಲಿ ಅಮೆರಿಕದಲ್ಲಿ ಅಳೆದು ನೋಡಿದಾಗ ಕಪ್ಪುಜನರ ಹೊರಚರ್ಮ ಸುಮಾರು 13 ಎಸ್‌ಪಿಎಫ್‌ನ ಕ್ರೀಮಿಗೆ ಸಮ, ಬಿಳಿಯರದ್ದು 3ರ ಆಸುಪಾಸು ಅಂತ ಬಂತು. ನಾವು ಎಲ್ಲೋ ನಡುವೆ ಇರ್ತೀವಿ. ನಮ್ಮ ದೇಶದಲ್ಲಿ ಚರ್ಮದ ಕ್ಯಾನ್ಸರ್ ಕಡಿಮೆ ಇರುವುದಕ್ಕೆ ಇದೇ ದೊಡ್ಡ ಕಾರಣ.

ಕಡಿಮೆ ಅಂದರೆ ಇಲ್ಲ ಅಂತಲ್ಲ. ಈ ಮಾತು ನನಗೆ ತಡವಾಗಿ ಗೊತ್ತಾಯ್ತು.

ಕೆಲವು ವರ್ಷಗಳ ಹಿಂದೆ ದೊಡ್ಡಪ್ಪನ ಎಡಗಾಲಿನ ಹಿಮ್ಮಡಿಯಲ್ಲಿ ಒಂದು ಕಪ್ಪು ಮಚ್ಚೆ ಕಾಣಿಸಿತು. ಜಾಲಿ ಮುಳ್ಳು ಒಳಗೇ ಮುರಿದಿರಬೇಕು ಅಂದರು. ಆಮೇಲೆ ಆಣಿ ಅಂದರು, ಒಂದು ಕ್ಲಿನಿಕ್ಕಿನಲ್ಲಿ ಕೆತ್ತಿಯೂ ಕಳಿಸಿದರು. "ಏನೋ ಇಂಜಿನಿಯರ್ರೇ, ನಿನ್ನ ಫೋನಲ್ಲಿ ನೋಡಿ ಹೇಳಪ್ಪಾ ಇದೇನೂಂತ" ಅಂತ ನನ್ನ ಮುಂದೆ ಕಾಲು ಚಾಚಿದ್ದರು. ನಾನು ನೋಡಿದೆ ಕೂಡ. ಚರ್ಮದ ಕ್ಯಾನ್ಸರ್ ಅನ್ನೋ ಪದ ಬಂತು, ಪಕ್ಕದ ಚಿತ್ರದಲ್ಲಿ ಬೀಚಿನಲ್ಲಿ ಮಲಗಿದ್ದ ಬಿಳಿಯರು. "ಅದೆಲ್ಲ ಬೆಳ್ಳಗಿರೋರಿಗೆ ಬರೋದು ದೊಡ್ಡಪ್ಪ, ನಿಮ್ಮ ಹಿಮ್ಮಡಿಗೆ ಬಿಸಿಲೆಲ್ಲಿ ಬೀಳುತ್ತೆ" ಅಂದೆ. ಇಬ್ಬರೂ ನಕ್ಕೆವು. ಎಂಟು ತಿಂಗಳಾದ ಮೇಲೆ ತೊಡೆಸಂದಿನಲ್ಲಿ ಗಂಟು ಕಂಡಿತು, ಬೆಂಗಳೂರಿಗೆ ಕರೆತಂದೆವು. ಮೆಲನೋಮಾ. ಮುಂದಿನ ಯುಗಾದಿಗೆ ಅವರಿರಲಿಲ್ಲ.

ಪಾದ, ಅಂಗೈ, ಉಗುರಿನ ಕೆಳಗೆ ಬರುವ ಈ ಮೆಲನೋಮಾಕ್ಕೆ ರಿಚರ್ಡ್ ರೀಡ್ ಎಂಬ ವೈದ್ಯ ಹೆಸರಿಟ್ಟಿದ್ದು 1976ರಲ್ಲಿ. ಇದಕ್ಕೆ ಬಿಸಿಲು ಮುಖ್ಯ ಕಾರಣವಲ್ಲ. ಮೈಬಣ್ಣ ಗಾಢವಾಗಿರುವವರಲ್ಲಿ ಮೆಲನೋಮಾ ಬಂದರೆ ಹೆಚ್ಚಾಗಿ ಇಂಥ ಜಾಗದಲ್ಲೇ. ಗಾಯಕ ಬಾಬ್ ಮಾರ್ಲಿಗೂ ಕಾಲ್ಬೆರಳಿನ ಉಗುರಿನ ಕೆಳಗೆ ಬಂದಿತ್ತು, ಫುಟ್ಬಾಲ್ ಆಡಿ ಆದ ಗಾಯ ಅಂತ ಮೊದಲು ಅಂದುಕೊಂಡಿದ್ದರಂತೆ. 1981ರಲ್ಲಿ ತೀರಿಕೊಂಡಾಗ ಅವನಿಗೆ 36 ವರ್ಷ. ಪಾದದಲ್ಲಿ ಹೊಸ ಕಪ್ಪು ಮಚ್ಚೆ, ದೊಡ್ಡದಾಗುತ್ತಿದ್ದರೆ, ಅಂಚು ಸೊಟ್ಟಗಿದ್ದರೆ, ಗಾಯ ಮಾಯದಿದ್ದರೆ ದಯವಿಟ್ಟು ಚರ್ಮದ ಡಾಕ್ಟರಿಗೆ ತೋರಿಸಿ. ಅಪ್ಪ-ಅಮ್ಮನ ಪಾದವನ್ನೂ ಒಮ್ಮೆ ನೋಡಿ.

ಹಾಗಂತ ಬಿಸಿಲು ನಿರಪರಾಧಿಯೇನಲ್ಲ. ಕೋಲಾರ ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿದೆ. ಮಾರ್ಚ್‌ನಿಂದ ಮೇವರೆಗೆ ಮೋಡವಿಲ್ಲದ ಮಧ್ಯಾಹ್ನ ಇಲ್ಲಿನ ಯುವಿ ಸೂಚ್ಯಂಕ 11 ದಾಟುವುದು ಮಾಮೂಲು. ಮುಖದ ಕಂದು ಕಲೆ, ಕಣ್ಣಿನ ಪೊರೆ ಎರಡರಲ್ಲೂ ಅದರ ಪಾಲಿದೆ. ಹುಟ್ಟಿನಿಂದಲೇ ಮೈಗೆ ಬಣ್ಣವಿಲ್ಲದವರಿಗಂತೂ ದೊರೆಗಿದ್ದಷ್ಟೇ, ಅದಕ್ಕಿಂತ ಹೆಚ್ಚೇ ಅಪಾಯ. ಮಾಲೂರಿನ ಇಟ್ಟಿಗೆ ಗೂಡಿನಲ್ಲಿ, ಮುಳಬಾಗಿಲು ಕಡೆಯ ಟೊಮೆಟೊ ಹೊಲದಲ್ಲಿ ದುಡಿಯುವವರಿಗೆ ಎಸ್‌ಪಿಎಫ್ ಕ್ರೀಮಿನ ಮಾತು ಹೇಳೋಕೆ ನನಗೆ ಬಾಯಿ ಬರಲ್ಲ. ಅಂಗಡಿಯಲ್ಲಿ ಕೇಳಿದರೂ ಬೆಳ್ಳಗಾಗೋ ಕ್ರೀಮನ್ನೇ ಕೊಡ್ತಾರೆ. 1975ರಿಂದ ಆ ಆಸೆ ಮಾರಿದ ಫೇರ್ ಅಂಡ್ ಲವ್ಲಿ 2020ರಲ್ಲಿ ಹೆಸರು ಮಾತ್ರ ಬದಲಿಸಿಕೊಂಡಿತು, ಗೋಡೆ ಮೇಲಿನ ಬೆಳ್ಳನೆ ಮುಖ ಹಾಗೇ ಇದೆ.

ನಮ್ಮ ಕಡೆ ಹೆಂಗಸರು ಅದಕ್ಕೆ ಕಾದು ಕೂತಿಲ್ಲ ಬಿಡಿ. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಶರ್ಟು, ತಲೆಗೆ ಟವೆಲ್ಲು. ಆ ಬೆಳಗ್ಗೆ ನಾನು ಬಸ್ಸಿಗೆ ಹೊರಟಾಗ ದೊಡ್ಡಮ್ಮ ಟೊಮೆಟೊ ಬಿಡಿಸೋಕೆ ಹೊರಟಿದ್ದರು. ಅಟ್ಟದ ಟೋಪಿ ತೋರಿಸಿ, "ಇದನ್ನ ಹಾಕ್ಕೋತೀರಾ ದೊಡ್ಡಮ್ಮ?" ಅಂದೆ. "ಥೂ, ಹುಚ್ಚುಮುಂಡೇದೇ" ಅಂತ ನಕ್ಕರು. ಅವರು ಹಾಕಿಕೊಂಡಿದ್ದು ದೊಡ್ಡಪ್ಪನ ನೀಲಿ ಗೆರೆಯ ಶರ್ಟು. ತೋಳು ಉದ್ದವಾಗಿ ಬೆರಳಿನವರೆಗೂ ಬರುತ್ತಿತ್ತು, ಮಡಚಿರಲಿಲ್ಲ.